ಅರವತ್ತು ರೂಪಾಯಿ ಚಾಕು

ಹೋದ ಭಾನುವಾರ ಪಕ್ಕದ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬಾಳೆಎಲೆ ಸಾಲದೆ ಬಂದು ತೋಟಕ್ಕೆ ಹೊರಟ ಮನೆಯ ಯಜಮಾನರು ಅಂಗಳದಲ್ಲಿ ನಿಂತು, 'ಯಾರ ಹತ್ರ ಆದ್ರೂ ಚಾಕು ಇದ್ದಾ?' ಎಂದು ಕೇಳಿದರು. ಅಲ್ಲಿದ್ದ ಎಂಟು ಹತ್ತು ಜನ ಜೇಬು ತಡವಿಕೊಂಡೆವು. ಎಲ್ಲರಿಗೂ ಸಿಕ್ಕಿದ್ದು ಫೋನು. ಇಪ್ಪತ್ತು ಸಾವಿರದ್ದು, ನಲವತ್ತು ಸಾವಿರದ್ದು. ಒಂದರಲ್ಲೂ ಬಾಳೆಎಲೆ ಕೊಯ್ಯಲಿಕ್ಕೆ ಬರುವುದಿಲ್ಲ. ಆಗ ನಾನು, ಸ್ವಲ್ಪ ಗತ್ತಿನಿಂದಲೇ ಅನ್ನಿ, ಅಂಗಿಯ ಜೇಬಿನಿಂದ ನನ್ನ ಮಡಚುವ ಚಾಕು ತೆಗೆದು ಜಗುಲಿ ಕಟ್ಟೆಯ ಮೇಲೆ ಇಟ್ಟೆ. ಕೈಗೆ ಕೊಡಲಿಲ್ಲ. ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ ಅಂತ ನಾನು ಸಣ್ಣವನಿದ್ದಾಗ ಆಯಿ, ಅಂದರೆ ಅಮ್ಮ, ಹೇಳಿದ್ದು ಇನ್ನೂ ತಲೆಯಿಂದ ಹೋಗಿಲ್ಲ.

ಆ ಚಾಕುವಿನ ಬೆಲೆ 60 ರೂಪಾಯಿ. ಶಿರಸಿ ಪೇಟೆಯಲ್ಲಿ ಹಗ್ಗ, ಮೊಳೆ, ಬೀಗ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಎಲ್ಲ ಒಟ್ಟಿಗೆ ಮಾರುವ ಅಂಗಡಿಯೊಂದರಲ್ಲಿ ಕೊಂಡದ್ದು. ಅಂಗಡಿಯವರು ಒಂದು ತಗಡಿನ ಡಬ್ಬಿ ಬೋರಲು ಹಾಕಿ, ಧೂಳು ಊದಿ, 'ಈಗ ಯಾರೂ ಕೇಳುವುದಿಲ್ಲ ಇದನ್ನ' ಎಂದು ಹೇಳಿಯೇ ಕೊಟ್ಟರು. ಮರದ ಹಿಡಿ, ಮೂರು ಇಂಚಿಗೆ ಸ್ವಲ್ಪ ಕಮ್ಮಿ ಇರುವ ಅಲಗು, ಎರಡನ್ನೂ ಸೇರಿಸುವ ಒಂದು ಕಬ್ಬಿಣದ ಮೊಳೆ. ಮುಗಿಯಿತು. ತಂದ ದಿನ ಅದರಲ್ಲಿ ಬಾಳೆಹಣ್ಣು ಕೊಯ್ದರೆ ಹಣ್ಣು ಜಜ್ಜಿ ಹೋಗುತ್ತಿತ್ತು. ಅಲಗು ಅತ್ತಿತ್ತ ಅಲ್ಲಾಡುತ್ತಿತ್ತು. ಮೊಳೆಯ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಪೆಟ್ಟು ಹಾಕಿದೆ, ಒಂದು ಸಂಜೆ ಪೂರ್ತಿ ಸಾಣೆಕಲ್ಲಿನ ಮುಂದೆ ಕೂತೆ, ಹಿಡಿಗೆ ಎಣ್ಣೆ ಒರೆಸಿದೆ. ಈಗ ಅದು ಹಾಳೆ ಕಾಗದವನ್ನು ಸದ್ದಿಲ್ಲದೆ ಸೀಳುತ್ತದೆ. ಅಗ್ಗದ ಚಾಕುವನ್ನು ಅಂಗಡಿಯವರು ಅರ್ಧ ಮಾತ್ರ ಮಾರುತ್ತಾರೆ, ಉಳಿದರ್ಧ ನಾವೇ ಮನೆಯಲ್ಲಿ ಮಾಡಿಕೊಳ್ಳಬೇಕು. ಇದರಲ್ಲಿ ನನಗೆ ಮೋಸ ಏನೂ ಕಾಣುವುದಿಲ್ಲ.

ಚಾಕುವಿನ ಹುಚ್ಚು ನನಗೆ ಅಜ್ಜನಿಂದ ಬಂದದ್ದು. ತೋಟಕ್ಕೆ ಹೋಗುವಾಗ ಸೊಂಟದ ಕೊಕ್ಕೆಯಲ್ಲಿ ದೊಡ್ಡ ಕತ್ತಿ, ಮನೆಯಲ್ಲಿದ್ದಾಗ ಎಲೆಅಡಿಕೆ ಕವಳದ ಸಂಚಿಯಲ್ಲಿ ಸಣ್ಣ ಚಾಕು. ಕತ್ತಿ ನಮ್ಮ ಕಡೆಯದೇ, ಆಚಾರಿ ಲಾರಿಯ ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ಕಾಯಿಸಿ ಬಡಿದು ಮಾಡಿದ್ದು, ವರ್ಷಕ್ಕೊಮ್ಮೆ ಕುಲುಮೆಗೆ ಒಯ್ದು ಹಣಿಸಿಕೊಂಡು ಬರುತ್ತಿದ್ದರು. ಚಾಕು ಎಲ್ಲಿಯದೋ ಏನೋ. ಕೊಂಬಿನ ಹಿಡಿ, ಹಿತ್ತಾಳೆಯ ತುದಿ, ಅಲಗಿನ ಬುಡದಲ್ಲಿ ಒಂದು ಮುದ್ರೆ ಇತ್ತು, ಅಕ್ಷರ ಮಾತ್ರ ಸವೆದು ಹೋಗಿತ್ತು. ಅದರಲ್ಲಿ ಅಜ್ಜ ಮಾಡದ ಕೆಲಸವಿಲ್ಲ. ಹಸಿ ಅಡಿಕೆ ಹೋಳು ಮಾಡುವುದು, ಎಲೆಯ ತೊಟ್ಟು ಮುರಿಯುವುದು, ಹೊಗೆಸೊಪ್ಪು ಕೊಯ್ಯುವುದು, ಅದರ ತುದಿಯಲ್ಲೇ ಸುಣ್ಣ ತೆಗೆಯುವುದು, ಆಮೇಲೆ ಪಂಚೆಯ ಅಂಚಿಗೆ ಎರಡು ಸಲ ಒರೆಸಿ ಅದರಲ್ಲೇ ನನಗೆ ಮಾವಿನಹಣ್ಣು ಕೊಯ್ದು ಕೊಡುವುದು. ಹಣ್ಣಿಗೆ ಸ್ವಲ್ಪ ಹೊಗೆಸೊಪ್ಪಿನ ಘಾಟು ಇರುತ್ತಿತ್ತು. ಆಯಿ ಬೈಯುತ್ತಿದ್ದಳು. ಮಸೆದು ಮಸೆದು ಅಲಗು ಅರ್ಧ ಅಗಲಕ್ಕೆ ಬಂದಿದೆ, ಈಗ ಸಂದೂಕದಲ್ಲಿದೆ, ನಾನು ಅದನ್ನು ಬಳಸುವುದಿಲ್ಲ. ಇನ್ನೊಂದು ಹತ್ತು ವರ್ಷ ಮಸೆದರೆ ಹಿಡಿ ಮಾತ್ರ ಉಳಿದೀತು.

ಶಿರಸಿಯ ಮಾರಿಕಾಂಬಾ ಜಾತ್ರೆಯ ಚಾಕುವಿನ ಕತೆಯನ್ನೂ ಹೇಳಬೇಕು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಬರಿಗೈಯಲ್ಲಿ ಮನೆಗೆ ಬಂದರೆ ಚೆನ್ನಾಗಿರುವುದಿಲ್ಲ ಅಲ್ವಾ. 2024ರ ಜಾತ್ರೆಯಲ್ಲಿ ಒಂದು ಸ್ಟಾಲಿನಲ್ಲಿ ಲೈಟಿನ ಕೆಳಗೆ ಫಳಫಳ ಹೊಳೆಯುತ್ತಿತ್ತು. ಹನ್ನೊಂದು ಉಪಕರಣ! ಚಾಕು, ಕತ್ತರಿ, ಗರಗಸ, ಸ್ಕ್ರೂಡ್ರೈವರು, ಬಾಟಲಿ ಮುಚ್ಚಳ ತೆಗೆಯುವುದು, ಜೊತೆಗೆ ಒಂದು ಟಾರ್ಚು, ಒಂದು ದಿಕ್ಸೂಚಿ. ಚೌಕಾಸಿ ಮಾಡಿ 150ಕ್ಕೆ ತಂದೆ. ದಿಕ್ಸೂಚಿ ಎತ್ತ ತಿರುಗಿಸಿದರೂ ಬನವಾಸಿ ರಸ್ತೆಯನ್ನೇ ತೋರಿಸುತ್ತಿತ್ತು. ಅದು ಹೋಗಲಿ. ಮೂರನೇ ದಿನ ಹಣ್ಣಿನ ಸಿಪ್ಪೆ ತೆಗೆಯುವಾಗ ಅಲಗು ತನ್ನಷ್ಟಕ್ಕೇ ಮಡಚಿಕೊಂಡು ನನ್ನ ತೋರುಬೆರಳನ್ನು ಹಿಡಿಯಿತು. ಅಲಗು ಮೊಂಡಾಗಿದ್ದರಿಂದ ಬೆರಳು ಉಳಿಯಿತು. ಅದರ ಒಂದು ದೋಷ ಇನ್ನೊಂದು ದೋಷದಿಂದ ನನ್ನನ್ನು ಕಾಪಾಡಿತು ಎನ್ನಬೇಕು.

ಆವತ್ತಿನಿಂದ ನಾನು ಅಗ್ಗದಲ್ಲಿ ಎರಡು ಜಾತಿ ಮಾಡಿದ್ದೇನೆ. ಬೇಡದ್ದನ್ನು ಬಿಟ್ಟು ಅಗ್ಗವಾದದ್ದು ಒಂದು. ಬೇಕಾದ್ದನ್ನು ಕದ್ದು ಅಗ್ಗವಾದದ್ದು ಇನ್ನೊಂದು. ನನ್ನ 60 ರೂಪಾಯಿಯ ಚಾಕುವಿನಲ್ಲಿ ಟಾರ್ಚಿಲ್ಲ, ದಿಕ್ಸೂಚಿಯಿಲ್ಲ, ಹೊಳಪಿಲ್ಲ, ಡಬ್ಬಿಯಿಲ್ಲ. ಇದ್ದ ದುಡ್ಡೆಲ್ಲ ಅಲಗಿಗೆ, ಹಿಡಿಗೆ ಹೋಗಿದೆ. ಜಾತ್ರೆಯ ಚಾಕುವಿನಲ್ಲಿ 150 ರೂಪಾಯಿಯನ್ನು ಹನ್ನೊಂದು ಪಾಲು ಮಾಡಿದ್ದಾರೆ, ಅಲಗಿನ ಪಾಲಿಗೆ ಎಷ್ಟು ಬಂದೀತು ಹೇಳಿ. ಕದ್ದದ್ದು ಎಲ್ಲಿ ಅಂತ ಆಮೇಲೆ ಬಿಚ್ಚಿ ನೋಡಿದೆ. ಇಂಥ ಚಾಕುಗಳ ಬೆನ್ನಿನಲ್ಲಿ ಒಂದು ಉದ್ದನೆಯ ಸ್ಪ್ರಿಂಗ್ ಪಟ್ಟಿ ಇರುತ್ತದೆ. ಅಲಗು ತೆರೆದಾಗ ಅದರ ಬುಡವನ್ನು ಆ ಪಟ್ಟಿ ಒತ್ತಿ ಹಿಡಿಯುತ್ತದೆ, ಅಷ್ಟರಿಂದಲೇ ಅಲಗು ನಿಲ್ಲುವುದು, ಬೇರೆ ಬೀಗ ಇಲ್ಲ. ಆ ಪಟ್ಟಿಯನ್ನು ಹದ ಹಾಕಿದ ಉಕ್ಕಿನಲ್ಲಿ ಮಾಡದೆ ಬರೀ ತಗಡಿನಲ್ಲಿ ಮಾಡಿದರೆ ಮೂರು ದಿನಕ್ಕೆ ಸೋತು ಹೋಗುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಅದಕ್ಕೇ ಕದಿಯಲಿಕ್ಕೆ ಅದೇ ಒಳ್ಳೆಯ ಜಾಗ.

ಹಾಗಾಗಿ ಈಗ ಅಂಗಡಿಯಲ್ಲಿ ಚಾಕು ನೋಡುವಾಗ ಹೊಳಪು ನೋಡುವುದಿಲ್ಲ. ನಿಧಾನ ತೆರೆದು ಕೊನೆಗೆ 'ಟಕ್' ಅನ್ನುತ್ತದಾ ಅಂತ ಕೇಳುತ್ತೇನೆ, ಅಲಗನ್ನು ಎಡಕ್ಕೆ ಬಲಕ್ಕೆ ಒತ್ತಿ ನೋಡುತ್ತೇನೆ, ಮಡಚಿ ಬೆಳಕಿಗೆ ಹಿಡಿದು ಅಲಗು ಹಿಡಿಯ ನಡುವೆ ನೆಟ್ಟಗೆ ಕೂತಿದೆಯಾ ಅಂತ ಒಂದು ಕಣ್ಣು ಮುಚ್ಚಿ ನೋಡುತ್ತೇನೆ. ಅಂಗಡಿಯವರು 'ಚಾಕು ತಗೊಳ್ತೀರೋ, ಹೆಣ್ಣು ನೋಡ್ತಾ ಇದ್ದೀರೋ' ಅಂದದ್ದೂ ಇದೆ.

ಅಕ್ಕನ ಮಗ ಕಂಪನಿ ಕೆಲಸದ ಮೇಲೆ ಫ್ರಾನ್ಸಿಗೆ ಹೋದವನು ಬರುವಾಗ ನನಗೊಂದು ಚಾಕು ತಂದ. ಮಾವನಿಗೆ ಸೆಂಟು ತಂದರೆ ಪ್ರಯೋಜನವಿಲ್ಲ ಅಂತ ಅವನಿಗೆ ಗೊತ್ತು. ಹೆಸರು ಒಪಿನೆಲ್. ಅವನು ಕೊಡಲಿಕ್ಕೆ ಕೈ ಚಾಚಿದ್ದೇ ತಡ, ಒಳಗಿನಿಂದ ಆಯಿ, 'ಕೈಗೆ ಕೊಡಡ ತಮಾ, ಕೆಳಗೆ ಇಡು' ಎಂದು ಕೂಗಿದಳು. ಅವನು ನಗುತ್ತಾ ನೆಲದ ಮೇಲೆ ಇಟ್ಟು, ಫ್ರಾನ್ಸಿನಲ್ಲೂ ಹೀಗೇ ಒಂದು ನಂಬಿಕೆಯಿದೆ, ಚಾಕು ಉಡುಗೊರೆ ತಗೊಂಡವರು ಒಂದು ನಾಣ್ಯ ವಾಪಸ್ ಕೊಡಬೇಕು, ಇಲ್ಲದಿದ್ದರೆ ಸ್ನೇಹ ಕಡಿದು ಹೋಗುತ್ತದೆ ಎಂದ. ಒಂದು ರೂಪಾಯಿ ಕೊಟ್ಟೆ. ಆಯಿಗೆ ಫ್ರಾನ್ಸಿನವರ ಮೇಲೆ ಅವತ್ತೇ ಗೌರವ ಬಂತು.

ನಾನು ಅದನ್ನು ದುಬಾರಿ ವಸ್ತು ಅಂದುಕೊಂಡಿದ್ದೆ. ಅಲ್ಲಿ ಅದು ರೈತರ ಚಾಕು, ಪೇಟೆಯ ಮಾಮೂಲಿ ಅಂಗಡಿಯಲ್ಲೂ ಸಿಗುತ್ತದಂತೆ. 1890ರಲ್ಲಿ ಸವಾಯ್ ಎಂಬ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬ ಹುಡುಗ ಇದನ್ನು ಮಾಡಿದ. ಅವರ ಮನೆಯದು ಕೊಡಲಿ, ಕತ್ತಿ ಬಡಿಯುವ ಕುಲುಮೆ. ಅಂದರೆ ನಮ್ಮ ಆಚಾರಿಯ ಮನೆಯೇ! ಬೀಚ್ ಮರದ ಒಂದು ತುಂಡಿಗೆ ಸೀಳು ಹಾಕಿ ಅಲಗು ಕೂರಿಸಿದ್ದು, ಅಷ್ಟೇ. 1897ರಲ್ಲಿ 1ರಿಂದ 12ರ ವರೆಗೆ ನಂಬರು ಕೊಟ್ಟು ಅಳತೆ ಮಾಡಿದರು. ನನ್ನದು 8ನೇ ನಂಬರು, ಅಲಗು ಎಂಟೂವರೆ ಸೆಂಟಿಮೀಟರು. ತೆರೆದ ಅಲಗು ಮಡಚಿಕೊಳ್ಳದಂತೆ ತಿರುಗಿಸಿ ಬಿಗಿಯುವ ಒಂದು ಉಂಗುರ ಇದೆ, ಅದು ಬಂದದ್ದು 1955ರಲ್ಲಿ. ಅಲ್ಲಿಯವರೆಗೆ 65 ವರ್ಷ ಬೀಗವಿಲ್ಲದೆಯೇ ನಡೆಯಿತು. ಅಲಗು, ಹಿಡಿ, ಮೊಳೆ, ಆ ಉಂಗುರ, ಅದರಡಿಯ ಬಳೆ. ಒಟ್ಟು ಐದು ತುಂಡು. ಕದಿಯಲಿಕ್ಕೆ ಜಾಗವೇ ಇಲ್ಲ.

ಆದರೆ ನಮ್ಮ ಮಳೆ ಅದಕ್ಕೆ ಗೊತ್ತಿರಲಿಲ್ಲ. ಜೂನ್ ಎರಡನೇ ವಾರಕ್ಕೆ ಹಿಡಿಯ ಮರ ನೀರು ಕುಡಿದು ಉಬ್ಬಿ ಅಲಗನ್ನು ಹಿಡಿದುಕೊಂಡಿತು. ಉಗುರು ಮುರಿಯಿತು, ಅಲಗು ಬರಲಿಲ್ಲ. ಅಕ್ಕನ ಮಗನಿಗೆ ಫೋನು ಮಾಡಿದರೆ ಅವನು ಅಲ್ಲಿಯವರ ಉಪಾಯ ಹೇಳಿಕೊಟ್ಟ. ಉಂಗುರ ಸಡಿಲಿಸಿ, ಹಿಡಿಯ ಹಿಂಬದಿಯ ತುದಿಯನ್ನು ಗಟ್ಟಿ ಜಾಗಕ್ಕೆ ಒಮ್ಮೆ ಕುಟ್ಟಬೇಕು, ಅಲಗು ತಾನೇ ಸ್ವಲ್ಪ ತಲೆ ಎತ್ತುತ್ತದೆ. ಜಗುಲಿಯ ಕಂಬಕ್ಕೆ ಕುಟ್ಟಿದೆ, ಎತ್ತಿತು! ಮಳೆಗಾಲ ಪೂರ್ತಿ ನಮ್ಮ ಮನೆಯಲ್ಲಿ ಕಂಬಕ್ಕೆ ಕುಟ್ಟುವ ಸದ್ದು. ಮೊಳೆ ಇರುವ ಸೀಳಿಗೆ ಸ್ವಲ್ಪ ಎಣ್ಣೆ ಬಿಟ್ಟು, ಬಿಸಿಲು ಬಂದ ದಿನ ಒಳಗಡೆ ಮರಳುಕಾಗದ ಆಡಿಸಿದ ಮೇಲೆ ಈಗ ಪರವಾಗಿಲ್ಲ.

ಅಲಗು ಸ್ಟೇನ್‌ಲೆಸ್ ಅಲ್ಲ, ಕಾರ್ಬನ್ ಉಕ್ಕು. ತಂದಾಗ ಬೆಳ್ಳಿಯ ಹಾಗಿತ್ತು. ಅಡಿಕೆ ಸುಗ್ಗಿಯಲ್ಲಿ ಒಂದು ದಿನ ಅದರಲ್ಲಿ ಹಸಿ ಅಡಿಕೆ ಹೋಳು ಮಾಡಿ ಒರೆಸದೆ ಇಟ್ಟೆ, ಬೆಳಿಗ್ಗೆ ನೋಡಿದರೆ ಕಪ್ಪು, ಮಧ್ಯೆ ಮಧ್ಯೆ ನೀಲಿ. ಹಾಳಾಯಿತು ಅಂತ ಬೇಜಾರಾಯಿತು. ಆಮೇಲೆ ಹೊಳೆಯಿತು, ಚೊಗರು, ಅಂದರೆ ಅಡಿಕೆಯ ಒಗರು ರಸ, ತಾಗಿದ ಕಬ್ಬಿಣ ಇನ್ನೇನಾಗಬೇಕು? ಅಡಿಕೆ ಬೇಯಿಸಿದ ಚೊಗರು ಬಟ್ಟೆಗೆ ತಾಗಿದರೆ ಕೆಂಪು ಕಲೆ, ಕಬ್ಬಿಣಕ್ಕೆ ತಾಗಿದರೆ ಕಪ್ಪು. ಅಡಿಕೆಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿದರೆ ಕಪ್ಪಾಗುತ್ತದೆ, ಹಿಂದೆ ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಹೀಗೆಯೇ. ಆ ಕಪ್ಪು ಪದರ ಇದ್ದರೆ ಕೆಂಪು ತುಕ್ಕು ಸ್ವಲ್ಪ ದೂರ ನಿಲ್ಲುತ್ತದೆ ಕೂಡ. ಈಗ ನಾನೇ ಬೇಕೆಂದು ಕಪ್ಪು ಮಾಡಿಕೊಂಡಿದ್ದೇನೆ. ಶಿರಸಿ ಅಡಿಕೆಗೆ 2019ರಲ್ಲಿ ಇದು ಈ ಊರಿನದೇ ಎಂದು ಗುರುತಿಸುವ ಭೌಗೋಳಿಕ ಸೂಚಿಯ ಮುದ್ರೆ ಸಿಕ್ಕಿದೆ, ಈ ಚಾಕುವಿಗೂ ಒಂದು ಮುದ್ರೆ ಬಿದ್ದಂತಾಯಿತು.

ಕಾರವಾರದ ಭಾವ ಇದನ್ನು ಒಪ್ಪುವುದಿಲ್ಲ. ಅವನ ಮನೆ ಸಮುದ್ರದಿಂದ ಕೂಗಳತೆ. ಉಪ್ಪು ಗಾಳಿಗೆ ಕಿಟಕಿಯ ಸರಳೇ ಉದುರುತ್ತದೆ, ಇನ್ನು ಚಾಕು. ನನ್ನ ಹಾಗೆ ಒಂದು ಕಾರ್ಬನ್ ಚಾಕು ಇಟ್ಟುಕೊಂಡು ನೋಡಿದ, ಗಾಳ ಹಾಕಲಿಕ್ಕೆ ಹೋಗಿ ಬಂದು ಎರಡು ದಿನ ಮರೆತದ್ದಕ್ಕೆ ಅಲಗಿನ ಮೇಲೆ ಕುಂಕುಮ ಹಚ್ಚಿದ ಹಾಗೆ ತುಕ್ಕು. ಅವನು ಸ್ಟೇನ್‌ಲೆಸ್ಸಿನ ಕಡೆ. ಉಕ್ಕಿಗೆ ಕ್ರೋಮಿಯಂ ಸೇರಿಸಿದ್ದರಿಂದ ಅದು ತುಕ್ಕಿಗೆ ಬೇಗ ಬಗ್ಗುವುದಿಲ್ಲ, ಆದರೆ ಮಸೆಯುವಾಗ ಸ್ವಲ್ಪ ಜಾಸ್ತಿ ಸತಾಯಿಸುತ್ತದೆ. ಘಟ್ಟದ ಮೇಲೆ ಒಂದು ಉಕ್ಕು, ಘಟ್ಟದ ಕೆಳಗೆ ಇನ್ನೊಂದು ಅಂತ ಇಬ್ಬರೂ ಒಪ್ಪಿಕೊಂಡಿದ್ದೇವೆ. ದೇವಿಮನೆ ಘಟ್ಟ ಇಳಿದರೆ ಎಷ್ಟೋ ವಿಷಯ ಹಾಗೆಯೇ.

ಮಸೆಯುವುದು ಅಂದೆನಲ್ಲ, ಅಗ್ಗದ ಚಾಕುವಿನ ಉಕ್ಕು ಮೆದು ಅಂತ ದೂರುವವರು ಬಹಳ. ಮೆದು ಹೌದು. ಆದರೆ ಮೆದು ಉಕ್ಕು ಬೇಗ ಮೊಂಡಾದರೂ ಬೇಗ ಹರಿತವಾಗುತ್ತದೆ, ಬಹಳ ಗಟ್ಟಿ ಉಕ್ಕು ಮೊಂಡಾಗಲಿಕ್ಕೆ ತಡ, ಆದರೆ ಒಮ್ಮೆ ಆದರೆ ನಮ್ಮ ಸಾಣೆಕಲ್ಲಿಗೆ ಜಗ್ಗುವುದಿಲ್ಲ, ತಪ್ಪಿ ಕಲ್ಲಿಗೆ ತಾಗಿದರೆ ಚಕ್ಕೆ ಏಳುತ್ತದೆ. ಹೆಸರಾಂತ ಸ್ವಿಸ್ ಚಾಕುವಿನ ಅಲಗೂ ಗಟ್ಟಿತನ ಹೇಳುವ ರಾಕ್‌ವೆಲ್ ಅಳತೆಯಲ್ಲಿ 56ರ ಆಸುಪಾಸು, ಈಗಿನ ದುಬಾರಿ ಚಾಕುಗಳ ಮುಂದೆ ಮೆದುವೇ, ಯಾರೂ ದೂರುವುದಿಲ್ಲ. ಸಾಣೆಕಲ್ಲು ಇಲ್ಲದಿದ್ದರೆ ಚಾ ಕುಡಿದ ಪಿಂಗಾಣಿ ಕಪ್ಪು ಬೋರಲು ಹಾಕಿ. ಅದರ ಬುಡದ ಒರಟು ಬಳೆಯ ಮೇಲೆ ಎರಡೂ ಬದಿ ಹತ್ತು ಹತ್ತು ಸಲ ಎಳೆದರೆ ಮಾವಿನಹಣ್ಣಿಗೆ ಸಾಕಾಗುವಷ್ಟು ಬಾಯಿ ಬರುತ್ತದೆ. ಅಲಗನ್ನು ಎಷ್ಟು ಓರೆ ಹಿಡಿಯಬೇಕು? ನೆಟ್ಟಗೆ ನಿಲ್ಲಿಸಿ, ಅದರ ಅರ್ಧಕ್ಕೆ ಬಗ್ಗಿಸಿ, ಮತ್ತೆ ಅದರರ್ಧಕ್ಕೆ. ಅಷ್ಟೇ ಲೆಕ್ಕ. ಪೂಜೆ ಮನೆಗೆ ಹೋದಾಗ ಮಾತ್ರ ಅವರ ಕಪ್ಪಿನಲ್ಲಿ ಮಾಡಬೇಡಿ.

ಜಪಾನಿನಲ್ಲಿ ಹಿಗೊನೊಕಾಮಿ ಎಂಬ ಚಾಕು ಇದೆ, ಮಡಚಿದ ಒಂದು ತಗಡೇ ಹಿಡಿ, ಅಲಗಿನ ಬುಡದಲ್ಲಿ ಒಂದು ಸಣ್ಣ ಬಾಲ. ಆ ಬಾಲವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುವುದೇ ಅದರ ಬೀಗ. ಒಂದು ಕಾಲಕ್ಕೆ ಅಲ್ಲಿಯ ಶಾಲೆ ಮಕ್ಕಳು ಪೆನ್ಸಿಲ್ ಚೂಪು ಮಾಡಲಿಕ್ಕೆ ಅದನ್ನೇ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರಂತೆ. ನಮ್ಮ ದೇಶದಲ್ಲಿ ಹೆಸರು ಮಾಡಿದ ಮಡಚುವ ಚಾಕು ರಾಂಪುರಿ, ಪಾಪ, ಅದು ಹಿಂದಿ ಸಿನಿಮಾದ ಖಳನಾಯಕರ ಕೈಗೆ ಸಿಕ್ಕಿ ಕೆಟ್ಟಿತು. ಅದರ ದೆಸೆಯಿಂದ ನಾನು ಬಸ್ಸಿನಲ್ಲಿ ಕಿತ್ತಳೆ ಹಣ್ಣು ಕೊಯ್ಯಲಿಕ್ಕೆ ಚಾಕು ತೆಗೆದರೂ ಪಕ್ಕದವರು ಸರಿದು ಕೂರುತ್ತಾರೆ. ಸೀಟು ಅಗಲವಾಗುತ್ತದೆ, ಅದೊಂದು ಲಾಭ.

ಪೂಜೆಯ ಮನೆಗೆ ಕೊಟ್ಟ ಚಾಕುವಿಗೆ ಬರುತ್ತೇನೆ. ಎಲೆ ಕೊಯ್ದು ತಂದವರು 'ಚಾಕು ಭಾರೀ ಚೊಲೋ ಇದ್ದು ಮಾರಾಯಾ' ಎಂದು ಹೊಗಳಿದರು. ಆಮೇಲೆ ಅದರಲ್ಲೇ ತೆಂಗಿನಕಾಯಿಯ ಜುಟ್ಟು ಕಿತ್ತರು, ಹೂವಿನ ದಾರ ಕತ್ತರಿಸಿದರು, ಪ್ರಸಾದಕ್ಕೆ ಬಾಳೆಹಣ್ಣು ಕೊಯ್ದರು. ನಾನು ಊಟ ಮಾಡಿ, ಕವಳದ ಬಟ್ಟಲ ಹತ್ತಿರ ಸ್ವಲ್ಪ ಹೊತ್ತು ಕೂತು, ಚಾಕು ಮರೆತು ಮನೆಗೆ ಬಂದೆ. ಇವತ್ತು ಗುರುವಾರ. ಅವರು ಕೊಡಲಿಲ್ಲ, ನನಗೆ ಕೇಳಲಿಕ್ಕೆ ಬಾಯಿ ಬರುತ್ತಿಲ್ಲ. ಫ್ರಾನ್ಸಿನದ್ದಾಗಿದ್ದರೆ ಅವತ್ತೇ ಕೇಳಬಹುದಿತ್ತು. 60 ರೂಪಾಯಿಯ ಚಾಕು ಕೇಳಿಕೊಂಡು ಬಂದ ಅನ್ನುವುದಿಲ್ಲವೇ ಜನ? ಜೇಬು ಮಾತ್ರ ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ. ನಾಳೆ ಬೆಳಿಗ್ಗೆ ಹೆಪ್ಪಿಗೆ ಮಜ್ಜಿಗೆ ಬೇಕಿತ್ತು ಅಂತ ಒಂದು ಲೋಟ ಹಿಡಿದುಕೊಂಡು ಹೋಗಬೇಕು.