ಹನ್ನೆರಡು ನಿಮಿಷ

ಇವತ್ತು ಮಂಗಳೂರಿನ ಹಂಪನಕಟ್ಟೆಯಲ್ಲಿ ಕಂಡದ್ದನ್ನು ಬರೆಯದೆ ಮಲಗಿದರೆ ನನಗೆ ನಿದ್ದೆ ಬರಲಿಕ್ಕಿಲ್ಲ. ಉದ್ದ ಆಗ್ತದೆ. ತಾಳ್ಮೆ ಇಲ್ಲದವರು ಈಗಲೇ ಮುಂದಿನ ರೀಲ್ಸಿಗೆ ಹೋಗಬಹುದು, ಬೇಜಾರಿಲ್ಲ.

ಹನ್ನೊಂದು ಮುಕ್ಕಾಲರ ಬಿಸಿಲು. ನಾನು ರಿಕ್ಷಾದಲ್ಲಿದ್ದೆ. ಕೆ.ಎಸ್. ರಾವ್ ರಸ್ತೆಯ ಬಾಯಿಯಲ್ಲಿ ವಾಹನಗಳೆಲ್ಲ ನಿಂತವು. ಸಿಗ್ನಲ್ ಹಸಿರಾಯಿತು, ಕೆಂಪಾಯಿತು, ಮತ್ತೆ ಹಸಿರಾಯಿತು. ಕತ್ತು ಹೊರಗೆ ಹಾಕಿ ನೋಡಿದರೆ ಒಂಬತ್ತು ಮಕ್ಕಳು ಝೀಬ್ರಾ ಪಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಪ್ರಾಯ ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಮೈಕ್ ಇಲ್ಲ, ಘೋಷಣೆ ಇಲ್ಲ, ಬಾವುಟ ಇಲ್ಲ. ಕೈಯಲ್ಲಿ ರಟ್ಟಿನ ಬೋರ್ಡು: "ಹೊಸ ಕಲ್ಲಿದ್ದಲು ಬೇಡ". ಅದರ ಹೊಗೆಯಿಂದ ಭೂಮಿ ಬಿಸಿ ಆಗ್ತದೆ, ಮಳೆ ಹದ ತಪ್ಪುತ್ತದೆ ಅಂತ ಅವರ ತಕರಾರು. ಎಡಬದಿಯ ಲೇನ್ ಖಾಲಿ ಬಿಟ್ಟಿದ್ದರು. ಅಲ್ಲೊಬ್ಬ ಸಪೂರ ಹುಡುಗ "ಆಂಬುಲೆನ್ಸಿಗೆ ಮಾತ್ರ" ಅಂತ ಬರೆದುಕೊಂಡು ನಿಂತಿದ್ದ. ಆ ಲೇನಿಗೆ ಮೊದಲು ನುಗ್ಗಿದ್ದು ನಾಲ್ಕು ಸ್ಕೂಟರು, ಅದು ಬೇರೆ ವಿಷಯ.

ನನ್ನ ಕಣ್ಣಿಗೆ ಬಿದ್ದದ್ದು ಚಪ್ಪಲಿ. ಕೂರುವ ಮೊದಲು ಒಂಬತ್ತೂ ಜನ ಚಪ್ಪಲಿ ಕಳಚಿ ಫುಟ್‌ಪಾತಿನ ಅಂಚಿಗೆ ಸಾಲಾಗಿ ಜೋಡಿಸಿದ್ದರು. ದೇವಸ್ಥಾನದ ಹೊರಗೆ ಇಡ್ತೇವಲ್ಲ, ಹಾಗೆ. ರಸ್ತೆ ತಡೆಯುವವರು ಚಪ್ಪಲಿ ಬಿಟ್ಟು ಕೂತದ್ದನ್ನು ನನ್ನ ಅರವತ್ತೊಂದು ವರ್ಷದಲ್ಲಿ ನೋಡಿದ್ದು ಇದೇ ಮೊದಲು.

ನಮ್ಮ ಎದುರಿನ ದೊಡ್ಡ ಬಿಳಿ ಕಾರಿನ ಗಾಜು ಇಳಿಯಿತು. "ಬೇತೆ ಬೇಲೆ ಇಜ್ಜಾ ನಿಕ್ಲೆಗ್?" (ಬೇರೆ ಕೆಲಸ ಇಲ್ಲವಾ ನಿಮಗೆ?) ಅಂತ ತುಳುವಿನಲ್ಲಿ ಶುರುವಾದದ್ದು ಎಲ್ಲಿಗೆ ಹೋಗಿ ಮುಟ್ಟಿತು ಅಂತ ಇಲ್ಲಿ ಬರೆಯಲಾರೆ. ಆ ಮಕ್ಕಳ ತಾಯಂದಿರು ಈ ಪೋಸ್ಟ್ ಓದಿದರೂ ಓದಬಹುದು. ಬೈದು ಮುಗಿದ ಮೇಲೆ ಗಾಜು ಮೇಲೆ ಹೋಯಿತು, ಎ.ಸಿ. ತಂಪು ಹೊರಗೆ ಹೋಗಬಾರದಲ್ಲ.

ಪೊಲೀಸರು ಬಂದರು, ಎಬ್ಬಿಸಿದರು, ವ್ಯಾನಿಗೆ ಹತ್ತಿಸಿದರು. ಮಕ್ಕಳು ತಳ್ಳಾಡಲಿಲ್ಲ. ಒಟ್ಟು ಹನ್ನೆರಡು ನಿಮಿಷ. ನಾನು ಫೋನಿನಲ್ಲಿ ಗಂಟೆ ನೋಡಿಕೊಂಡಿದ್ದೆ.

ಮಾರಾಯ್ರೆ, ನಾವು ಯಾವ ಊರಿನವರು? ಪಂಪ್‌ವೆಲ್ಲಿನ ಒಂದು ಮೇಲ್ಸೇತುವೆಗೆ ಹತ್ತು ವರ್ಷ ಕಾದವರು. 2020ರ ಜನವರಿ 31ಕ್ಕೆ ಅದು ತೆರೆಯುವ ತನಕ ಅದರ ಮೇಲೆ ಜೋಕ್ ಮಾಡಿಕೊಂಡು, ಅದರ ಅಡಿಯಲ್ಲಿ ಹೊಗೆ ಕುಡಿದುಕೊಂಡು ಬದುಕಿದವರು. ಮಂತ್ರಿ ಬಂದರೆ ನಿಲ್ತೇವೆ. ಮೆರವಣಿಗೆ ಬಂದರೆ ನಿಲ್ತೇವೆ, ನಿಂತು ವಿಡಿಯೋ ಮಾಡ್ತೇವೆ. ಡಿ.ಜೆ. ಬಂದರೆ ಕಿವಿ ಮುಚ್ಚಿಕೊಂಡಾದರೂ ನಿಲ್ತೇವೆ. ಚರಂಡಿಗೆ ಅಂತ ಅಗೆದ ರಸ್ತೆಯನ್ನು ಮುಚ್ಚಿ, ಒಳಚರಂಡಿಗೆ ಅಂತ ಮತ್ತೆ ಅಗೆದು, ಕೇಬಲಿಗೆ ಅಂತ ಮೂರನೇ ಸಲ ಅಗೆದರೂ ನಿಲ್ತೇವೆ. ಆಗೆಲ್ಲ ಯಾವ ಗಾಜೂ ಇಳಿಯುವುದಿಲ್ಲ.

ಇನ್ನು ಆ ರಸ್ತೆಯ ಹೆಸರಿಗೆ ಬರ್ತೇನೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು ಅಂತ ನಿಮಗೆ ಗೊತ್ತಿರುವುದೇ. ಇಲ್ಲಿ ಅರ್ಧ ಜನ ನನ್ನ ಕೈಯಲ್ಲಿ ಪೆಟ್ಟು ತಿಂದವರೇ ಇದ್ದೀರಿ. ಕೆ.ಎಸ್. ರಾವ್ ಯಾರು ಅಂತ ಕೇಳಿದರೆ "ಬಟ್ಟೆ ಅಂಗಡಿಯ ಧಣಿ" ಅಂತ ಒಬ್ಬ ಬರೆದಿದ್ದ, ಹೆಸರು ಹೇಳುವುದಿಲ್ಲ, ಈಗ ದುಬೈಯಲ್ಲಿದ್ದಾನೆ. ಕಾರ್ನಾಡು ಸದಾಶಿವ ರಾವ್. ಆಸ್ತಿವಂತ ವಕೀಲರು. ಗಾಂಧಿಯ ಸತ್ಯಾಗ್ರಹಕ್ಕೆ ಇಳಿದು, ಕಾನೂನು ಮುರಿದು, ಜೈಲು ಸೇರಿ, ಇದ್ದದ್ದನ್ನೆಲ್ಲ ಹೋರಾಟಕ್ಕೆ ಸುರಿದು, 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡವರು. ಕಾನೂನು ಮುರಿದವರ ಹೆಸರಿನ ರಸ್ತೆಯಲ್ಲಿ ನಿಂತು, ಕಾನೂನು ಮುರಿದ ಮಕ್ಕಳಿಗೆ ತಾಯಿಯ ಹೆಸರು ಹಿಡಿದು ಬೈಗುಳ! "ಕಾನೂನು ಭಂಗ ಚಳವಳಿ, ಟಿಪ್ಪಣಿ ಬರೆಯಿರಿ, ನಾಲ್ಕು ಅಂಕ." 1930ರ ಏಪ್ರಿಲ್ 13ಕ್ಕೆ ಅಂಕೋಲೆಯಲ್ಲಿ ಉಪ್ಪು ಮಾಡಿದ್ದನ್ನು ಬರೆದವರಿಗೆ ನಾನೇ ಪೂರ್ತಿ ಅಂಕ ಕೊಟ್ಟಿದ್ದೇನೆ. ಅಂಕ ಸಿಕ್ಕಿತು, ಪಾಠ ಮುಗಿಯಿತು, ಕಾರು ಬಂತು.

ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮ ಕುಟುಂಬದ ಗ್ರೂಪಿಗೆ ವಿಡಿಯೋ ಬಂದಾಗಿತ್ತು. "ಫಾರಿನ್ ಫಂಡ್." "ನಾಲ್ಕು ಬಿಟ್ಟರೆ ಸರಿ ಆಗ್ತಾರೆ." ನಮ್ಮ ಭಾವನದ್ದು ಉದ್ದ ಸಂದೇಶ: ಪ್ರತಿಭಟನೆ ಮಾಡಲಿ, ಆದರೆ ಕಾನೂನಿನ ಚೌಕಟ್ಟಿನಲ್ಲಿ ಮಾಡಲಿ, ಸಾರ್ವಜನಿಕರಿಗೆ ತೊಂದರೆ ಕೊಡಬಾರದು, ಇತ್ಯಾದಿ. ಭಾವಾ, ನೀವು ಇದನ್ನು ಓದ್ತೀರಿ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. 2022ರ ಅಕ್ಟೋಬರ್ 18ರಂದು ಸುರತ್ಕಲ್ ಟೋಲ್ ಗೇಟಿಗೆ ಮುತ್ತಿಗೆ ಹಾಕಿದಾಗ ಬ್ಯಾರಿಕೇಡ್ ದೂಡಿದ್ದು ಯಾರು? ಅಂಗಿ ಹರಿದುಕೊಂಡು ಬಂದು ನಮ್ಮ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದದ್ದು ಯಾರು? ಆಮೇಲೆ ಹಗಲೂ ರಾತ್ರಿ ಧರಣಿ ನಡೆಯುವಾಗ ನಾನೂ ಫ್ಲಾಸ್ಕಿನಲ್ಲಿ ಚಾ ಹಿಡಿದುಕೊಂಡು ಹೋಗಿ ಕೂತಿದ್ದೆ. ಡಿಸೆಂಬರ್ 1ಕ್ಕೆ ಅಲ್ಲಿ ವಸೂಲಿ ನಿಂತಾಗ ಎಲ್ಲರಿಗೂ ಎಷ್ಟು ಖುಷಿ! ಅದು ನ್ಯಾಯದ ಹೋರಾಟವೇ, ನನಗೆ ಸಂಶಯ ಇಲ್ಲ. ಆದರೆ ಆವತ್ತು ನಾವು ಕಾನೂನಿನ ಯಾವ ಚೌಕಟ್ಟಿನಲ್ಲಿ ಕೂತಿದ್ದೆವು? ಕಾರು ಓಡಿಸುವ ಖರ್ಚು ಇಳಿಸಲಿಕ್ಕೆ ರಸ್ತೆಗೆ ಇಳಿದರೆ ಹೋರಾಟ, ಕಲ್ಲಿದ್ದಲಿನ ಹೊಗೆ ಹೆಚ್ಚಿಸಬೇಡಿ ಅಂತ ರಸ್ತೆಗೆ ಇಳಿದರೆ ಮಂಡೆ ಸರಿ ಇಲ್ಲ.

"ಅವರೂ ಬೈಕಿನಲ್ಲೇ ಬಂದದ್ದಲ್ಲವಾ, ಫೋನ್ ಚಾರ್ಜ್ ಮಾಡಿದ್ದು ಯಾವ ಕರೆಂಟಿನಲ್ಲಿ?" ಅಂತ ಗ್ರೂಪಿನಲ್ಲಿ ಒಬ್ಬ ಬುದ್ಧಿವಂತ ಕೇಳಿದ. ಅದೇ ಕರೆಂಟಿನಲ್ಲಿ ಮಗಾ, ಮತ್ತೆ ಯಾವುದಿದೆ? ನಮ್ಮ ದೇಶದ ಕರೆಂಟಿನ ಮುಕ್ಕಾಲು ಪಾಲಿನಷ್ಟು ಬರುವುದೇ ಕಲ್ಲಿದ್ದಲಿನಿಂದ. ತೆರಿಗೆ ಕಟ್ಟಿದ ಉಪ್ಪು ಹಾಕಿದ ಗಂಜಿ ಉಂಡೇ ಜನ ಉಪ್ಪಿನ ಸತ್ಯಾಗ್ರಹಕ್ಕೆ ಹೊರಟದ್ದು. "ನೀವು ಇಷ್ಟು ದಿನ ಅದೇ ಉಪ್ಪು ತಿಂದಿರಲ್ಲ" ಅಂತ ಬ್ರಿಟಿಷರಿಗೂ ಹೊಳೆದಿರಲಿಲ್ಲ, ನಮ್ಮ ಗ್ರೂಪಿನವರಿಗೆ ಹೊಳೆಯಿತು.

ಒಂದು ಮಾತಿನಲ್ಲಿ ಸ್ವಲ್ಪ ತೂಕ ಉಂಟು, ಒಪ್ಪುತ್ತೇನೆ. ನಮ್ಮಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್, ಅಮೆರಿಕದವರದ್ದು ಅದರ ಆರೇಳು ಪಟ್ಟು. ಹಾಳು ಮಾಡಿದವರು ಅವರು, ಕತ್ತಲಲ್ಲಿ ಕೂರಬೇಕಾದವರು ನಾವಾ? ಸರಿಯಾದ ಪ್ರಶ್ನೆ. ಆದರೆ ಇದನ್ನು ಕೇಳುವವರು ಯಾರು ನೋಡಿ. ಚಿಮಣಿ ದೀಪದ ಮನೆಯವರಲ್ಲ, ನಾಲ್ಕು ಕೋಣೆಗೆ ನಾಲ್ಕು ಎ.ಸಿ. ಹಾಕಿಸಿಕೊಂಡವರು. ಬಡವನ ತಲಾ ಲೆಕ್ಕದ ಹಿಂದೆ ಅಡಗಿ ಕೂತವರು. ಆ ಮಕ್ಕಳು ಯಾರ ಮನೆಯ ಬಲ್ಬನ್ನೂ ಆರಿಸಿ ಅನ್ನಲಿಲ್ಲ. ಹೊಸತು ಬೇಡ ಅಂದದ್ದು.

ಹಾಗಂತ ನಾನೇನೂ ಮೊದಲಿಂದ ಇಂಥವರ ಪಕ್ಷ ಅಲ್ಲ. 2022ರ ಅಕ್ಟೋಬರಿನಲ್ಲಿ ಲಂಡನಿನಲ್ಲಿ ಇಬ್ಬರು ಹುಡುಗಿಯರು ವ್ಯಾನ್ ಗೋನ ಸೂರ್ಯಕಾಂತಿ ಚಿತ್ರಕ್ಕೆ ಟೊಮೆಟೊ ಸೂಪ್ ಎರಚಿದಾಗ ಇದೇ ಗೋಡೆಯ ಮೇಲೆ ನಾನು ಬೈದು ಬರೆದಿದ್ದೆ. ಚಿತ್ರದ ಮೇಲೆ ಗಾಜು ಇತ್ತು, ಚಿತ್ರಕ್ಕೆ ಏನೂ ಆಗಲಿಲ್ಲ, ಹಾಳಾದದ್ದು ಚೌಕಟ್ಟು ಅಂತ ಆಮೇಲೆ ಓದಿದೆ. ಬೈದದ್ದನ್ನು ಅಳಿಸಲಿಲ್ಲ, ಈಗಲೂ ಹುಡುಕಿದರೆ ಸಿಗ್ತದೆ. ಆ ಹುಡುಗಿಯರಿಗೆ 2024ರಲ್ಲಿ ಒಬ್ಬಳಿಗೆ ಎರಡು ವರ್ಷ, ಇನ್ನೊಬ್ಬಳಿಗೆ ಇಪ್ಪತ್ತು ತಿಂಗಳು ಜೈಲಾಯಿತು. ಅದೇ ಬಳಗದ ಐವರು ಲಂಡನಿನ ಸುತ್ತಿನ ಎಂ25 ಹೆದ್ದಾರಿ ತಡೆಯಲು ಝೂಮ್ ಕಾಲಿನಲ್ಲಿ ಮಾತಾಡಿಕೊಂಡರು ಅಂತ ಒಬ್ಬನಿಗೆ ಐದು ವರ್ಷ, ಉಳಿದವರಿಗೆ ನಾಲ್ಕು ನಾಲ್ಕು. ಮೇಲ್ಮನವಿಯಲ್ಲಿ ಸ್ವಲ್ಪ ಇಳಿಯಿತು. ಅವರು ಕೇಳಿದ್ದು ಹೊಸ ಎಣ್ಣೆ ಬಾವಿಗೆ ಲೈಸೆನ್ಸ್ ಕೊಡಬೇಡಿ ಅಂತ. ಅಷ್ಟರಲ್ಲಿ ಅಲ್ಲಿ ಸರ್ಕಾರ ಬದಲಾಗಿ, ಹೊಸ ಲೈಸೆನ್ಸ್ ಕೊಡುವುದಿಲ್ಲ ಅಂತ ಹೊಸಬರೇ ಹೇಳಿದರು. ಬೇಡಿಕೆ ವಿಧಾನಸೌಧ ಸೇರಿತು, ಬೇಡಿಕೆ ಇಟ್ಟವರು ಜೈಲಿನಲ್ಲೇ ಉಳಿದರು.

ನಮ್ಮ ಯಜಮಾನರ ಬಗ್ಗೆ ಹೇಳದೆ ಈ ವಿಷಯ ಮುಗಿಯುವುದಿಲ್ಲ. ಅವರು ಮೂವತ್ತೊಂದು ವರ್ಷ ಎಣ್ಣೆಯ ಕೆಲಸ ಮಾಡಿದವರು. ಪೈಪ್‌ಲೈನು, ಟ್ಯಾಂಕು, ವಾಲ್ವು, ರಾತ್ರಿ ಶಿಫ್ಟು. ಕುಳಾಯಿ ಊರಿನ ಈ ಮನೆ, ಮಗಳ ಇಂಜಿನಿಯರಿಂಗ್, ನನ್ನ ಕೈಯ ಈ ನಾಲ್ಕು ಬಳೆ, ಎಲ್ಲ ಅದರಿಂದಲೇ. ನನ್ನ ಸಂಬಳ ತರಕಾರಿಗೆ ಮತ್ತು ಪುಸ್ತಕಕ್ಕೆ ಸಾಕಾಗ್ತಿತ್ತು. ಹಾಗಾಗಿ "ಟೀಚರ್, ನೀವು ಮಾತಾಡಬಹುದು, ನಿಮಗೇನು" ಅಂತ ಕಮೆಂಟ್ ಹಾಕಲು ಕೈ ತುರಿಸುತ್ತಿರುವವರಿಗೆ ನಾನೇ ಹೇಳಿಬಿಡ್ತೇನೆ: ನನ್ನ ಅನ್ನದಲ್ಲಿ ಎಣ್ಣೆ ಉಂಟು.

ಸಂಜೆ ಅವರಿಗೆ ಅಮೆರಿಕದ ವಾಲ್ವ್ ತಿರುಗಿಸಿದವರ ಸುದ್ದಿ ಓದಿ ಹೇಳಿದೆ. 2016ರ ಅಕ್ಟೋಬರ್ 11. ಐದು ಜನ, ನಾಲ್ಕು ರಾಜ್ಯಗಳಲ್ಲಿ, ಕೆನಡಾದ ಟಾರ್ ಮರಳಿನ ಎಣ್ಣೆ ತರುವ ಪೈಪ್‌ಲೈನುಗಳ ಬೇಲಿ ಕತ್ತರಿಸಿ ಒಳಗೆ ಹೋಗಿ ವಾಲ್ವ್ ಮುಚ್ಚಿ, ಪೊಲೀಸರು ಬರುವ ತನಕ ಅಲ್ಲೇ ಕೂತರು. ಪಡ್ಡೆಗಳಲ್ಲ, ಐವರೂ ಐವತ್ತು ಅರವತ್ತರ ಪ್ರಾಯದವರು. ಇವರು ಪೇಪರಿನಿಂದ ತಲೆ ಎತ್ತಲೇ ಇಲ್ಲ. "ಹುಚ್ಚು. ಓಡುವ ಲೈನನ್ನು ಹಾಗೆ ಮುಚ್ಚಿದರೆ ಪೈಪು ಒಡೆಯುತ್ತದೆ" ಅಂದರು. ಮನೆಯ ನಲ್ಲಿಯನ್ನು ಥಟ್ಟನೆ ತಿರುಗಿಸಿದರೆ ಗೋಡೆಯೊಳಗೆ ಢಬ್ ಅಂತ ಸದ್ದಾಗ್ತದಲ್ಲ, ಮೈಲುಗಟ್ಟಲೆ ಎಣ್ಣೆಗೆ ಅದೇ ಆದರೆ ಎಂತ ಗತಿ ಅಂತ ಕೈ ತಿರುಗಿಸಿ ತೋರಿಸಿದರು. ಇಲ್ಲ, ಮುಚ್ಚುವ ಮೊದಲು ಕಂಪೆನಿಗಳಿಗೆ ಫೋನ್ ಮಾಡಿ ಪಂಪ್ ನಿಲ್ಲಿಸಲು ಹೇಳಿದ್ದರು ಅಂದೆ. ಪೇಪರು ಮಡಚಿದರು.

"ಫೋನ್ ಮಾಡಿದರಾ?"

"ಹೌದು."

"ಹಾಗಾದರೆ ಕೆಲಸ ಗೊತ್ತಿದ್ದವರು."

ಮೂವತ್ತೊಂದು ವರ್ಷದ ಸರ್ವಿಸಿನವರ ಬಾಯಿಂದ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬರುವುದಿಲ್ಲ. ಆ ಐವರಲ್ಲಿ ನಾರ್ತ್ ಡಕೋಟದಲ್ಲಿ ಸಿಕ್ಕಿದವರು ಜೈಲಿಗೆ ಹೋದರು, ಮಿನ್ನೆಸೋಟದವರನ್ನು ಏನೂ ಹಾನಿ ಆಗಿಲ್ಲ ಅಂತ 2018ರಲ್ಲಿ ಕೋರ್ಟು ಬಿಟ್ಟಿತು. ಇದನ್ನು ಕೇಳುವ ಹೊತ್ತಿಗೆ ಇವರು ಚಾ ಲೋಟ ಹಿಡಿದು ಅಂಗಳಕ್ಕೆ ಇಳಿದಿದ್ದರು.

ಮಂಗಳೂರಿನವರಿಗೆ ಇದೆಲ್ಲ ಯಾಕೆ ಅನ್ನುವವರೇ, ನಾವು ಕೂತಿರುವುದೇ ಎಣ್ಣೆಯ ಮೇಲೆ. ಪೆರ್ಮುದೆಯಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ 15 ಲಕ್ಷ ಟನ್, ಕಾಪುವಿನ ಹತ್ತಿರದ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ತುಂಬಿಡುವಷ್ಟು ಜಾಗ. ದೇಶದ ಆಪತ್ಕಾಲದ ದಾಸ್ತಾನು. ಹೊರದೇಶದ ಕಲ್ಲಿದ್ದಲು ಪಣಂಬೂರಿನ ಬಂದರಿನಲ್ಲಿ ಇಳಿದು ರೈಲು ಹತ್ತುತ್ತದೆ. ಉಡುಪಿ ಕಡೆಯ ನಂದಿಕೂರಿಗೆ ಕೊಜೆಂಟ್ರಿಕ್ಸ್ ಕಂಪೆನಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರ್ತದೆ ಅಂತ ಆದಾಗ ನನ್ನ ಅಪ್ಪ ಅರವತ್ತು ದಾಟಿದವರು, ಕೊಡೆ ಹಿಡಿದುಕೊಂಡು ಉಡುಪಿಗೆ ಹೋಗಿ ಜಾಥಾದಲ್ಲಿ ನಡೆದು ಬರ್ತಿದ್ದರು. ರಾತ್ರಿ ಅಮ್ಮ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು, ತೆಂಗಿನೆಣ್ಣೆ. 1999ರಲ್ಲಿ ಆ ಕಂಪೆನಿ ಗಂಟುಮೂಟೆ ಕಟ್ಟಿತು. ಅಪ್ಪ ಆವತ್ತು ಪಾಯಸ ಮಾಡಿಸಿದ್ದರು. ಹತ್ತು ಹನ್ನೊಂದು ವರ್ಷದಲ್ಲಿ ಅಲ್ಲೇ ಬೇರೆಯವರದ್ದು ಎದ್ದಿತು, 1000 ಮೆಗಾವಾಟ್ ಬೇಡ ಅಂದಲ್ಲಿ 1200 ಮೆಗಾವಾಟಿನದ್ದು. ಅದನ್ನು ನೋಡಲು ಅಪ್ಪ ಇರಲಿಲ್ಲ. ಒಳ್ಳೆಯದೇ ಆಯಿತು, ಪಾಯಸದ ಸಕ್ಕರೆಯ ಲೆಕ್ಕ ಕೇಳುತ್ತಿದ್ದರು.

2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿಯಿತಲ್ಲ. ನಮ್ಮ ಇದೇ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಗುಡ್ಡ ಕಡಿದದ್ದೂ ಕಾರಣ, ಸುರಿದ ಮಳೆಯೂ ಕಾರಣ. ಉಳ್ಳಾಲದ ಕಡಲ್ಕೊರೆತಕ್ಕೂ ಹಾಗೆಯೇ, ನಾವು ಅಳಿವೆಗೆ ಹಾಕಿದ ಕಲ್ಲಿನ ಗೋಡೆಯದ್ದೂ ಪಾಲು ಉಂಟು, ಎಲ್ಲವನ್ನೂ ಕಲ್ಲಿದ್ದಲಿನ ತಲೆಗೆ ಕಟ್ಟಲಾರೆ. ಆದರೆ ಗುಡ್ಡ ಎಡಬದಿಯ ಲೇನ್ ಬಿಟ್ಟು ಕೂರಲಿಲ್ಲ. ಹನ್ನೆರಡು ನಿಮಿಷಕ್ಕೆ ಏಳಲೂ ಇಲ್ಲ.

ಇಷ್ಟೆಲ್ಲ ಬರೆದ ಮೇಲೆ ಇನ್ನೊಂದನ್ನೂ ಹೇಳಬೇಕು. ಆ ಬಿಳಿ ಕಾರಿನ ಗಾಜು ಇಳಿಯುವ ಮೊದಲು, ವಾಹನ ನಿಂತ ಕೂಡಲೇ, ಏನು ಅಂತ ನೋಡುವ ಮೊದಲೇ, "ಇವರಿಗೆ ಬೇರೆ ಕೆಲಸ ಇಲ್ಲವಾ ಮಾರಾಯಾ" ಅಂತ ರಿಕ್ಷಾದವನಿಗೆ ಹೇಳಿದವಳು ನಾನೇ. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ, ಇಂಜಿನ್ ಬಂದ್ ಮಾಡಿದ. "ಗ್ಯಾಸ್ ಹಾಳಾಗುವುದು ಬೇಡ ಅಕ್ಕಾ" ಅಂದ. ಅಷ್ಟೂ ವಾಹನಗಳಲ್ಲಿ ಇಂಜಿನ್ ಬಂದ್ ಮಾಡಿದ್ದು ಅವನೊಬ್ಬನೇ ಇರಬೇಕು. ಅಲ್ಲಿಂದ ಶುರುವಾದದ್ದು ನನ್ನ ಮಂಡೆ ಬಿಸಿ, ಬೇರೆ ಯಾರ ಮೇಲೂ ಅಲ್ಲ.

ವ್ಯಾನ್ ಹೊರಟಾಗ ಮಕ್ಕಳು ಬರಿಗಾಲಿನಲ್ಲೇ ಹತ್ತಿದ್ದರು, ಆ ಕಾದ ಡಾಮರಿನ ಮೇಲೆ. ಒಬ್ಬ ಪೊಲೀಸಮ್ಮ ಓಡಿ ಬಂದು ಕೈಗೆ ಸಿಕ್ಕಿದಷ್ಟು ಚಪ್ಪಲಿ ಬಾಚಿಕೊಂಡು ಹೋದರು. ಒಂದು ಜೊತೆ ಉಳಿದಿತ್ತು. ನಾನು ಇಳಿದು ಹೆಕ್ಕಿಕೊಂಡೆ. ಸಂಜೆಗೆ ಮಕ್ಕಳನ್ನೆಲ್ಲ ಮನೆಗೆ ಕಳುಹಿಸಿದರು ಅಂತ ಗೊತ್ತಾಯಿತು, ಯಾವ ಕಾಲೇಜಿನವರು ಅಂತ ಗೊತ್ತಾಗಲಿಲ್ಲ.

ಕಂದು ಬಣ್ಣದ್ದು, ಹುಡುಗಿಯರದ್ದು, ಆರನೇ ನಂಬರು. ಬಲಗಾಲಿನದ್ದರ ಬಾರು ಕಿತ್ತಿತ್ತು, ಹೊಲಿಸಿ ಇಟ್ಟಿದ್ದೇನೆ. ಗುರುತಿನವರು ಇದ್ದರೆ ಮೆಸೇಜ್ ಮಾಡಿ.