ಗುರಿ 2050, ಛಾವಣಿ ಖಾಲಿ ಇಲ್ಲ

ನಮ್ಮ ನಗರ 2050ರ ಹೊತ್ತಿಗೆ ಪೂರ್ತಿ ಹಸಿರು ವಿದ್ಯುತ್ತಿಗೆ ಬದಲಾಗಲಿದೆ. ಹಾಗಂತ ಘೋಷಣೆಯಾಗಿದೆ. ವರ್ಷವನ್ನು ಎಷ್ಟು ಜಾಣತನದಿಂದ ಆರಿಸಿದ್ದಾರೆ ನೋಡಿ. ವೇದಿಕೆ ಮೇಲಿದ್ದ ಅಷ್ಟೂ ಜನ ಅಷ್ಟರಲ್ಲಿ ನಿವೃತ್ತರಾಗಿರುತ್ತಾರೆ. ಏನಾಯ್ತು ಸ್ವಾಮಿ ಅಂತ ಕೇಳೋಣ ಅಂದರೆ ಗೋಡೆ ಮೇಲೆ ಫೋಟೋ ಮಾತ್ರ ಸಿಗುತ್ತದೆ.

ನಾವೊಂದಷ್ಟು ನಾಗರಿಕರು ಸೇರಿ ಕೇಳಿದ್ದು 2050 ಅಲ್ಲ, ಛಾವಣಿ. ನಗರಾಡಳಿತದ ಕಚೇರಿ ಮೇಲೆ ಸೋಲಾರ್ ಪ್ಯಾನೆಲ್ ಹಾಕಿ ಅಂತ. ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ಜಾಗ ಸಾಕು. ಕಚೇರಿ ನಡೆಯುವುದೂ ಹಗಲು, ಸೂರ್ಯ ಇರುವುದೂ ಹಗಲು. ಸೂರ್ಯ ಟೈಮಿಗೆ ಸರಿಯಾಗಿ ಬರುತ್ತಾನೆ, ಅದೊಂದೇ ವ್ಯತ್ಯಾಸ.

ನಮ್ಮ ಅಹವಾಲು ಕೇಳಲು ಸಭೆ ಕರೆದರು. ಕೆಲಸದ ದಿನ, ಬೆಳಗ್ಗೆ 11 ಗಂಟೆಗೆ. ಹೊರಗೆ ಬಿಸಿಲು ಧಗಧಗ ಅನ್ನುತ್ತಿತ್ತು. ಒಳಗೆ ಕಿಟಕಿಗಳಿಗೆಲ್ಲ ಪರದೆ ಎಳೆದು 24 ಟ್ಯೂಬ್‌ಲೈಟ್ ಉರಿಸಿದ್ದರು. (ಸ್ವಾಗತ ಭಾಷಣದ ಹೊತ್ತಿಗೆ ಎಣಿಸಿದ್ದು.) ಪರದೆ ಯಾಕೆ ಅಂದರೆ, ಪ್ರೊಜೆಕ್ಟರಿನಲ್ಲಿ ತೋರಿಸುತ್ತಿದ್ದ ಸೂರ್ಯನ ಚಿತ್ರ ಬಿಸಿಲಿಗೆ ಮಂಕಾಗಬಾರದಲ್ಲ!

ಮೂರನೇ ಸ್ಲೈಡಿಗೆ ಕರೆಂಟು ಹೋಯಿತು. ಹಿತ್ತಲಲ್ಲಿ ಡೀಸೆಲ್ ಜನರೇಟರ್ ಗುಡುಗಿತು. ಅದರ ಸದ್ದನ್ನೂ ಮೀರಿಸಿ ಸಾಹೇಬರು ಕೇಳಿದರು: "ಎಲ್ಲಾ ಸರಿ, ರಾತ್ರಿ ಸೂರ್ಯ ಇರಲ್ಲ. ಆಗ ಏನ್ ಮಾಡ್ತೀರಿ?"

"ಈಗ ಹಗಲು ಸಾರ್" ಅಂದರು ಹಿಂದಿನ ಸಾಲಿನ ಒಬ್ಬ ಹಿರಿಯರು. ಜನರೇಟರ್ ಗಲಾಟೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಸಭೆಯ ನಡಾವಳಿಗೂ ಬರಲಿಲ್ಲ.

ರಾತ್ರಿಯ ಪ್ರಶ್ನೆ ಸುಳ್ಳೇನಲ್ಲ ಬಿಡಿ. ಬ್ಯಾಟರಿ ಬೇಕು, ಗಾಳಿ ಬೇಕು, ಜಲವಿದ್ಯುತ್ ಬೇಕು, ಗ್ರಿಡ್ ಅನ್ನೋ ವಿದ್ಯುತ್ ಜಾಲ ಗಟ್ಟಿಯಿರಬೇಕು. ಆದರೆ ರಾತ್ರಿಗೆ ದಾರಿ ಸಿಗೋವರೆಗೂ ಹಗಲಲ್ಲೂ ಕಲ್ಲಿದ್ದಲನ್ನೇ ಸುಡೋಣ ಅನ್ನುವುದು ಯಾವ ಲೆಕ್ಕ?

"ನಾವು ಈಗಾಗಲೇ ಅರ್ಧ ಹಸಿರು" ಅಂತಲೂ ಹೇಳಿದರು. ಹೇಗೆ ಅಂದರೆ, ಸರ್ಟಿಫಿಕೇಟ್! ಎಲ್ಲೋ ದೂರದಲ್ಲಿ ಗಾಳಿಯಂತ್ರ ತಿರುಗಿ 1,000 ಯೂನಿಟ್ ವಿದ್ಯುತ್ ಹುಟ್ಟಿದರೆ ಒಂದು ಸರ್ಟಿಫಿಕೇಟ್. ಕರೆಂಟನ್ನು ಅಲ್ಲಿನವರು ಬಳಸಲಿ, ಸರ್ಟಿಫಿಕೇಟನ್ನು ಇಲ್ಲಿನವರು ಕೊಳ್ಳಬಹುದು. ನಮ್ಮ ತಂತಿಯಲ್ಲಿ ಕಲ್ಲಿದ್ದಲ ಕರೆಂಟು ಹರಿಯುತ್ತಿರುತ್ತದೆ, ಕಡತದಲ್ಲಿ ತಂಗಾಳಿ ಬೀಸುತ್ತಿರುತ್ತದೆ. ಉಂಡವನೊಬ್ಬ, ತೇಗುವವನು ಇನ್ನೊಬ್ಬ.

ಕೊನೆಗೆ ಛಾವಣಿಯ ವಿಷಯ ಬಂತು. "ಛಾವಣಿ ಖಾಲಿ ಇಲ್ಲ" ಅಂದರು.

ಛಾವಣಿ ಅನ್ನೋದು ದೊಡ್ಡವರಿಗೂ ತೊಂದರೆ ಕೊಟ್ಟಿದೆ ಅನ್ನಿ. ಅಮೆರಿಕದ ಶ್ವೇತಭವನದ ಮೇಲೆ ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ 1979ರಲ್ಲಿ ನೀರು ಕಾಯಿಸುವ ಸೋಲಾರ್ ಫಲಕ ಹಾಕಿಸಿದರು. ಮುಂದಿನ ಅಧ್ಯಕ್ಷ ರೇಗನ್ ಕಾಲದಲ್ಲಿ, 1986ರಲ್ಲಿ, ಛಾವಣಿ ರಿಪೇರಿ ಅಂತ ಇಳಿಸಿದರು. ಇಳಿಸಿದವರು ಅವನ್ನು ಮತ್ತೆ ಏರಿಸಲಿಲ್ಲ. ನಮ್ಮವರು ಆ ಮಟ್ಟಿಗೆ ಬುದ್ಧಿವಂತರು. ಹಾಕಿದರೆ ತಾನೇ ಇಳಿಸೋ ತಾಪತ್ರಯ?

ನಾವು ಮೆಟ್ಟಿಲು ಹತ್ತಿ ನೋಡಿಯೇಬಿಟ್ಟೆವು. ನಿಜ, ಖಾಲಿ ಇರಲಿಲ್ಲ. ಕಾಲು ಮುರಿದ ಕುರ್ಚಿಗಳ ಗುಡ್ಡೆ, ಸತ್ತ ಟ್ಯೂಬ್‌ಲೈಟುಗಳು, ಬಾಗಿಲಿಲ್ಲದ ಎರಡು ಬೀರು. ಮೂಲೆಯಲ್ಲಿ ಹೋದ ವರ್ಷದ ಹಸಿರು ಸಪ್ತಾಹದ ಬ್ಯಾನರ್. "ಸೂರ್ಯನೇ ನಮ್ಮ ಶಕ್ತಿ" ಅಂತ ಇತ್ತಂತೆ. ಬಿಸಿಲಿಗೆ ಬಣ್ಣ ಹಾರಿಹೋಗಿ "ಸೂರ್ಯನೇ" ಅಂತಷ್ಟೇ ಉಳಿದಿತ್ತು. ಕುರ್ಚಿಗಳನ್ನು ತೆಗೆಸಿ ಅಂದೆವು. ತೆಗೆಸಬೇಕಾದರೆ ಹರಾಜಾಗಬೇಕು. ಹರಾಜಿಗೆ ಸಮಿತಿ ಕೂರಬೇಕು. ಸಮಿತಿ ಕೂರೋಕೆ ಕುರ್ಚಿ ಇಲ್ವಾ ಅಂತ ಯಾರೋ ಕೇಳಿದರು, ಪಾಪ.

ಹೋದ ವಾರ ಛಾವಣಿ ಮೇಲೆ ಕೆಲಸ ಶುರುವಾಗಿದೆ ಅಂತ ಸುದ್ದಿ ಬಂತು. ಓಡಿದೆವು. ಹರಾಜಿಗೆ ಕಾದಿರುವ ಕುರ್ಚಿಗಳು ಬಿಸಿಲಿಗೆ ಹಾಳಾಗುತ್ತಿವೆ ಅಂತ ಮೇಲೆ ತಗಡಿನ ಶೀಟು ಹೊದಿಸುತ್ತಿದ್ದರು. ಅಂದಾಜು ಪಟ್ಟಿ, ಟೆಂಡರ್, ಮಂಜೂರಾತಿ ಎಲ್ಲ ಸೇರಿ ಒಂಬತ್ತೇ ದಿನದಲ್ಲಿ ಮುಗಿದಿತ್ತು. "ಇಲ್ಲಿ ಬಿಸಿಲು ವಿಪರೀತ ರೀ" ಅಂದ, ಶೀಟಿಗೆ ಮೊಳೆ ಹೊಡೆಯುತ್ತಿದ್ದವನು ಬೆವರು ಒರೆಸಿಕೊಂಡು.

ತಗಡಿನ ಶೀಟಿನ ಮೇಲೂ ಪ್ಯಾನೆಲ್ ಹಾಕಬಹುದು ಅಂತ ಈಗ ಹೊಸ ಅರ್ಜಿ ಬರೆಯುತ್ತಿದ್ದೇವೆ, ಮೂರು ಪ್ರತಿ.