ವರ್ಷಕ್ಕೊಂದು ಅಧಿಕ ಮಾಸ

ಪಂಚಾಂಗದಲ್ಲಿ ಅಧಿಕ ಮಾಸ ಬರುವುದು ಸುಮಾರು ಮೂರು ವರ್ಷಕ್ಕೊಮ್ಮೆ. 2023ರಲ್ಲಿ ಅಧಿಕ ಶ್ರಾವಣ, 2026ರಲ್ಲಿ ಅಧಿಕ ಜ್ಯೇಷ್ಠ. ಕಲಬುರಗಿ, ಬೀದರ ಕಡೆ ಆ ತಿಂಗಳಲ್ಲಿ ಮಗಳು ಅಳಿಯನನ್ನು ಕರೆದು, ಉಣ್ಣಿಸಿ, ಕೈಲಾದದ್ದು ಕೊಟ್ಟು ಕಳಿಸುವ ಪದ್ಧತಿಯುಂಟು. ಮೊಬೈಲ್ ಕಂಪನಿಗಳ ಪಂಚಾಂಗ ಬೇರೆ. ಅಲ್ಲಿ ತಿಂಗಳೆಂದರೆ 28 ದಿನ, ಅಧಿಕ ಮಾಸ ಪ್ರತಿ ವರ್ಷ ತಪ್ಪದು, ಅಳಿಯನ ಮಣೆಯ ಮೇಲೆ ಕೂತವರೂ ಅವರೇ.

28ನ್ನು 13ರಿಂದ ಗುಣಿಸಿದರೆ 364. ಹನ್ನೆರಡು ತಿಂಗಳ ಪಗಾರಕ್ಕೆ ಹದಿಮೂರು ರಿಚಾರ್ಜ್. ಜನವರಿ 1ಕ್ಕೆ ಹಾಕಿಸಿದವರ ಪಾಡು ಇನ್ನೂ ಚೆಂದ: ಎರಡನೆಯದು ಜನವರಿ 29ಕ್ಕೆ, ಮೂರನೆಯದು ಫೆಬ್ರವರಿ 26ಕ್ಕೆ, ಹೀಗೆ ಹಿಂದಕ್ಕೆ ಸರಿಯುತ್ತ ಸರಿಯುತ್ತ ಹದಿಮೂರನೆಯದು ಡಿಸೆಂಬರ್ 3ಕ್ಕೆ ಬಂದು, ಡಿಸೆಂಬರ್ 31ಕ್ಕೆ ಹದಿನಾಲ್ಕನೆಯದು ಬಾಗಿಲು ತಟ್ಟುತ್ತದೆ. ಪಗಾರ 1ನೇ ತಾರೀಖಿಗೆ ಬರುವವರಿಗೆ ಈ ಸರಿಯುವಿಕೆಯೇ ದೊಡ್ಡ ಕಿರಿಕಿರಿ. ಒಂದು ಸಲ ಕೈಯಲ್ಲಿ ದುಡ್ಡಿದ್ದಾಗ ಮುಗಿಯುತ್ತದೆ, ಇನ್ನೊಂದು ಸಲ ತಿಂಗಳ ಕೊನೆಗೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಯಾವ ರಿಚಾರ್ಜ್ ಅಂಗಡಿಯ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ:

“ತಮ್ಮಾ, ಹೋದ ತಿಂಗಳಷ್ಟೇ ಹಾಕ್ಸೀನಲ್ಲೋ?”

“ಹೌದ್ರಿ ಕಾಕಾ. ತಿಂಗಳು ಮುಗದಿಲ್ಲ, ಪ್ಯಾಕ್ ಮುಗದದ.”

ಈ ದೂರು ದಿಲ್ಲಿಗೂ ಮುಟ್ಟಿತು. 2022ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ತಿದ್ದುಪಡಿ ತಂದು, ಪ್ರತಿ ಕಂಪನಿಯೂ 30 ದಿನದ ಒಂದು ಪ್ಯಾಕನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಣವಾಗುವ ಇನ್ನೊಂದು ಪ್ಯಾಕನ್ನೂ ಇಡಲೇಬೇಕು ಎಂದಿತು. ಕಂಪನಿಗಳು ಇಟ್ಟವು. ಆದರೆ ಇಡುವುದು ಬೇರೆ, ಕಾಣುವ ಹಾಗೆ ಇಡುವುದು ಬೇರೆ. ಆ್ಯಪ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು 28, ಆಮೇಲೆ 56, ಆಮೇಲೆ 84. ತಾರೀಖು ತಪ್ಪದ ಪ್ಯಾಕ್ ಬೇಕೆಂದರೆ ಕೆಳಗೆ ಜಾರಿಸುತ್ತಲೇ ಹೋಗಬೇಕು, ಇಲ್ಲವೇ ಅಂಗಡಿಯವನಿಗೆ ‘ಕ್ಯಾಲೆಂಡರ್ ತಿಂಗಳಿನದು’ ಎಂದು ಒತ್ತಿ ಹೇಳಬೇಕು. 84 ದಿನದ್ದನ್ನು ‘ಮೂರು ತಿಂಗಳಿನದು’ ಎಂದು ಕೊಡುವುದು ರೂಢಿಯಾಗಿಬಿಟ್ಟಿದೆ. ನಿಜವಾದ ಮೂರು ತಿಂಗಳಿಗೆ ಅದರಲ್ಲಿ ಒಂದು ವಾರ ಕಡಿಮೆ. ನಾಲ್ಕು ಸಲ ಹಾಕಿಸಿದರೆ 336 ದಿನವಾಗಿ, ವರ್ಷಕ್ಕೆ 29 ದಿನ ಬಾಕಿ ಉಳಿಯುತ್ತದೆ. ಪ್ಯಾಕಿನ ಬೆಲೆ ನೋಡಬಾರದು, ಬೆಲೆಯನ್ನು ದಿನಗಳಿಂದ ಭಾಗಿಸಿ ನೋಡಬೇಕು. ತೂಕದ ಕಟ್ಟೆಯ ಹತ್ತಿರ ಕಣ್ಣು ಮಿಟುಕಿಸದೆ ನಿಲ್ಲುವ ನಮ್ಮ ರೈತರು ಈ ಭಾಗಾಕಾರ ಮಾತ್ರ ಮಾಡುವುದಿಲ್ಲ.

ಅವರಿಗೆ ಒಪ್ಪುವ ಪ್ಯಾಕ್ ಒಂದಿದೆ, 365 ದಿನದ್ದು. ತೊಗರಿ ರಾಶಿಯಾಗಿ ಗಂಜ್ ಎನ್ನುವ ಮಾರುಕಟ್ಟೆಗೆ ಹೋಗಿ ರೊಕ್ಕ ಕೈಗೆ ಬರುವುದು ಡಿಸೆಂಬರ್-ಜನವರಿ ದಾಟಿದ ಮೇಲೆ. ವರ್ಷಕ್ಕೊಮ್ಮೆ ಬರುವ ಆದಾಯಕ್ಕೆ ವರ್ಷಕ್ಕೊಮ್ಮೆ ಕಟ್ಟುವ ಪ್ಯಾಕೇ ಸರಿ. ಮನೆಯ ಮುದುಕಿಯ ಕೀಪ್ಯಾಡ್ ಫೋನಿಗಂತೂ ಡೇಟಾ ಬೇಕಾಗಿಯೇ ಇಲ್ಲ. 2024ರ ಡಿಸೆಂಬರಿನಲ್ಲಿ ಟ್ರಾಯ್, ಬರೀ ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕನ್ನು ಬೇರೆಯಾಗಿ ಕೊಡಲೇಬೇಕು ಎಂದು ಹೇಳಿದೆ. ಅಂಥ ವೋಚರಿನ ಅವಧಿಯ ಮಿತಿಯನ್ನು 90 ದಿನದಿಂದ 365ಕ್ಕೆ ಏರಿಸಿದೆ ಕೂಡ. ಕೇಳಿದರೆ ಸಿಗುತ್ತದೆ. ಕೇಳದಿದ್ದರೆ ಅಜ್ಜಿಯ ಹೆಸರಿಗೆ ದಿನಕ್ಕೆ ಒಂದೂವರೆ ಜಿಬಿ ಬಂದು ರಾತ್ರಿ ಹನ್ನೆರಡಕ್ಕೆ ಹಾಗೇ ಕರಗಿಹೋಗುತ್ತದೆ. 28 ದಿನಕ್ಕೆ 42 ಜಿಬಿ.

ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕ ಸೇರಿದ ಹುಡುಗರು ರಜೆಗೆ ಬಂದಾಗ ಅಲ್ಲಿನ ಕರಾರಿನ ಕಷ್ಟ ಹೇಳಿಕೊಳ್ಳುತ್ತಾರೆ. ಅಲ್ಲಿ ಫೋನು ‘ಪುಕ್ಕಟೆ’. ಬೆಲೆಯನ್ನು 24 ಅಥವಾ 36 ತಿಂಗಳಿಗೆ ಹಂಚಿ, ಪ್ರತಿ ಬಿಲ್ಲಿನಲ್ಲೂ ಅಷ್ಟಷ್ಟೇ ರಿಯಾಯಿತಿ ತೋರಿಸುತ್ತಾರೆ. ನಡುವೆ ಕಂಪನಿ ಬಿಟ್ಟರೆ ರಿಯಾಯಿತಿ ನಿಂತು, ಉಳಿದ ಬೆಲೆ ಒಮ್ಮೆಗೇ ತಲೆಯ ಮೇಲೆ ಬೀಳುತ್ತದೆ. ‘ನಿಮಗೇನ್ರಿ, ಪ್ರೀಪೇಯ್ಡ್, ಬೇಕಾದಾಗ ಬಿಡ್ಬಹುದು’ ಎಂದು ಅವರು ಅಸೂಯೆ ಪಡುತ್ತಾರೆ.

ನಮ್ಮಲ್ಲೂ ಫೋನಿನ ಜೊತೆ ಜಾಲ ಕಟ್ಟಿಕೊಡುವ ಆಟ ನಡೆದಿತ್ತು. 2003ರಲ್ಲಿ 501 ರೂಪಾಯಿ ಕಟ್ಟಿದರೆ ಸಿಡಿಎಂಎ ತಂತ್ರಜ್ಞಾನದ ಫೋನು ಕೈಗೆ ಬರುತ್ತಿತ್ತು. ಅದರೊಳಗೆ ತೆಗೆದು ಹಾಕುವ ಸಿಮ್ಮೇ ಇರುತ್ತಿರಲಿಲ್ಲ, ಕಂಪನಿ ಬಿಟ್ಟರೆ ಫೋನನ್ನೂ ಬಿಟ್ಟಂತೆಯೇ. 2008ರಲ್ಲಿ ಐಫೋನ್ 3ಜಿ ಭಾರತಕ್ಕೆ ಬಂದಾಗ ಬೆಲೆ 31,000 ರೂಪಾಯಿ. ಪೂರ್ತಿ ದುಡ್ಡು ಕೊಟ್ಟ ಮೇಲೂ ಮಾರಿದ ಕಂಪನಿಯ ಸಿಮ್ಮೇ ಬೇಕಿತ್ತು. 2017ರ 1,500 ರೂಪಾಯಿ ಠೇವಣಿಯ 4ಜಿ ಕೀಪ್ಯಾಡ್ ಫೋನು, ಜಿಯೋಫೋನ್, ಅದೇ ಸಾಲಿನದು. ಈಗ ಅಂಗಡಿಯಲ್ಲಿ ಸಿಗುವ ಹೆಚ್ಚಿನ ಫೋನುಗಳಿಗೆ ಯಾವ ಸಿಮ್ ಹಾಕಿದರೂ ನಡೆಯುತ್ತದೆ. ಕಟ್ಟು ಈಗ ನಂಬರಿಗೆ ಬಂದಿದೆ.

ಬ್ಯಾಂಕಿನ ಓಟಿಪಿ, ಆಧಾರ್, ಗ್ಯಾಸ್ ಬುಕಿಂಗ್, ಪಿಂಚಣಿ, ಬೆಳೆವಿಮೆಯ ಸಂದೇಶ ಎಲ್ಲವೂ ಒಂದೇ ನಂಬರಿಗೆ. ಯಾದಗಿರಿ, ಸುರಪುರ ಕಡೆಯಿಂದ ಗುಳೆ ಹೋದವರು ಮುಂಬೈಯಲ್ಲಿ ಇನ್ನೊಂದು ಸಿಮ್ ತೆಗೆದುಕೊಳ್ಳುತ್ತಾರೆ. ಊರಿನ ನಂಬರು ಓಟಿಪಿಗಷ್ಟೇ ಜೀವ ಹಿಡಿದಿರುತ್ತದೆ. ಅದಕ್ಕೆ ಪೂರ್ತಿ ಪ್ಯಾಕ್ ಹಾಕಿಸುವುದು ಕರುಳು ಚುರ್ ಎನ್ನುವ ಖರ್ಚು. ಇಲ್ಲಿ 2013ರ ಒಂದು ನಿಯಮ ಗೊತ್ತಿರಬೇಕು. 90 ದಿನ ಬಳಸದೇ ಇದ್ದರೆ ಮಾತ್ರ ಪ್ರೀಪೇಯ್ಡ್ ನಂಬರನ್ನು ರದ್ದು ಮಾಡಬಹುದು. ಆಗಲೂ ಖಾತೆಯಲ್ಲಿ 20 ರೂಪಾಯಿ ಇದ್ದರೆ, ಅದನ್ನು ಮುರಿದುಕೊಂಡು ಇನ್ನೂ 30 ದಿನ ಉಳಿಸಬೇಕು. ರದ್ದಾದ ಮೇಲೆ ಮರಳಿ ಪಡೆಯಲು 15 ದಿನದ ಅವಕಾಶವಿದೆ. ಆದರೆ ಈ 20 ರೂಪಾಯಿ ಮುಖ್ಯ ಬ್ಯಾಲೆನ್ಸಿನಲ್ಲಿರಬೇಕು, ಪ್ಯಾಕಿನ ದುಡ್ಡು ಲೆಕ್ಕಕ್ಕಿಲ್ಲ. ಟಾಪ್‌ಅಪ್‌ನಲ್ಲಿ ತೆರಿಗೆ, ಶುಲ್ಕ ಮುರಿದು 10ಕ್ಕೆ ಏಳೂವರೆಯ ಆಸುಪಾಸು ಸಿಗುವುದರಿಂದ 20ರ ಟಾಪ್‌ಅಪ್ ಸಾಲದು, 30ರದ್ದು ಬೇಕು. ಇದರಿಂದ ನಂಬರು ಉಳಿಯುತ್ತದೆ ಅಷ್ಟೇ. ಅವಧಿ ಮುಗಿದ ಸಿಮ್ಮಿಗೆ ಕರೆ, ಸಂದೇಶ ಬರುವುದು ನಿಲ್ಲಬಹುದು. ಓಟಿಪಿ ಬರಲೇಬೇಕೆಂದರೆ ಅತಿ ಅಗ್ಗದ ಮಾತಿನ ಪ್ಯಾಕೇ ದಾರಿ. ನಂಬರು ಪೂರ್ತಿ ಹೋದರೆ ಸ್ವಲ್ಪ ಕಾಲದ ಮೇಲೆ ಅದು ಇನ್ಯಾರದೋ ಪಾಲಾಗುತ್ತದೆ. ಬ್ಯಾಂಕಿನಲ್ಲಿ ಬದಲಿಸದೇ ಇದ್ದವರ ಓಟಿಪಿ ಆ ಹೊಸಬರ ಜೇಬಿನಲ್ಲಿ ಗುಣುಗುಡುತ್ತದೆ.

ಕಂಪನಿ ಬೇಡವಾದರೆ ನಂಬರು ಬಿಡದೆ ಪೋರ್ಟ್ ಮಾಡಿಸಬಹುದು. ಪೋರ್ಟ್ ಎಂದು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದು, ಜಾಗ ಬಿಟ್ಟು, ಹತ್ತಂಕಿಯ ನಂಬರು ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಎಂಟು ಅಕ್ಷರ-ಅಂಕಿಗಳ ಕೋಡ್ ಬರುತ್ತದೆ. ನಮ್ಮ ರಾಜ್ಯದಲ್ಲಿ ಅದರ ಆಯುಷ್ಯ ನಾಲ್ಕು ದಿನ. ಅಷ್ಟರೊಳಗೆ ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ‘ನಿಮ್ಮ ಪ್ಯಾಕಿನಲ್ಲಿ ಎಸ್ಸೆಮ್ಮೆಸ್ ಇಲ್ಲ, ಕಳಿಸಲಾಗದು’ ಎಂಬ ನೆಪ ಈಗ ನಡೆಯುವುದಿಲ್ಲ. 1900ಕ್ಕೆ ಯಾವ ಪ್ಯಾಕಿನವರಿಗೂ ಸಂದೇಶ ಹೋಗಬೇಕೆಂದು 2021ರ ಡಿಸೆಂಬರಿನಲ್ಲೇ ಆದೇಶವಾಗಿದೆ. ಕೋಡ್ ಸಿಗದೆ ಇರುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ: ಈಗಿನ ಕಂಪನಿಗೆ ಬಂದು 90 ದಿನ ತುಂಬಿಲ್ಲ, ಪೋಸ್ಟ್‌ಪೇಯ್ಡ್ ಬಾಕಿ ಇದೆ, ಅಥವಾ ಸಿಮ್ ಕಳೆದು ಹೊಸದು ತೆಗೆದು ಏಳು ದಿನ ಆಗಿಲ್ಲ. ಕೊನೆಯದು 2024ರ ಜುಲೈ 1ರಿಂದ ಬಂದದ್ದು, ಮೋಸಗಾರರು ಬೇರೆಯವರ ನಂಬರು ಹಾರಿಸದಿರಲಿ ಎಂದು. ಪೋರ್ಟ್ ಆದೊಡನೆ ಹಳೆಯ ಪ್ಯಾಕಿನ ಉಳಿದ ದಿನವೂ ಬ್ಯಾಲೆನ್ಸೂ ಹೋದಂತೆಯೇ. ಆದ್ದರಿಂದ ಪ್ಯಾಕು ಮುಗಿಯಲು ಐದಾರು ದಿನ ಇರುವಾಗ ಶುರು ಮಾಡುವುದು ಜಾಣತನ.

ಬೀದರದವರಿಗೆ ಒಂದು ಹೆಚ್ಚಿನ ತೊಡಕಿದೆ. ಔರಾದದ ಗಡಿಯ ಹಳ್ಳಿಗಳಲ್ಲಿ ಫೋನು ಒಮ್ಮೆ ಮಹಾರಾಷ್ಟ್ರದ ಟವರ್ ಹಿಡಿದರೆ ಇನ್ನೊಮ್ಮೆ ತೆಲಂಗಾಣದ್ದು. ರೋಮಿಂಗ್ ದುಡ್ಡು ಈಗ ಹೋಗುವುದಿಲ್ಲ, ಸರಿ. ಆದರೆ ಜಹೀರಾಬಾದಿನಲ್ಲೋ ಹೈದರಾಬಾದಿನಲ್ಲೋ ತೆಗೆದ ಸಿಮ್ಮು ಆಂಧ್ರ-ತೆಲಂಗಾಣ ಸರ್ಕಲ್ಲಿನದು, ಅಂದರೆ ಬೇರೆ ದೂರಸಂಪರ್ಕ ವಲಯದ್ದು. ಅದನ್ನು ಇಲ್ಲಿಗೆ ತರಲು ಮೂರು ಕೆಲಸದ ದಿನದ ಬದಲು ಐದು ಬೇಕು.

ದುಡ್ಡು ಸುಮ್ಮನೆ ಮುರಿದರೆ, ಕೇಳದ ಸೇವೆ ಅಂಟಿಕೊಂಡರೆ 198ಕ್ಕೆ ಕರೆ ಮಾಡಿ ದೂರು ಕೊಡಬೇಕು. ‘ನೋಡ್ತೀವ್ರಿ ಸರ್’ ಎಂಬ ಸವಿಮಾತಿಗೆ ಫೋನಿಡಬಾರದು, ದೂರಿನ ಡಾಕೆಟ್ ನಂಬರು ಬರೆದುಕೊಂಡೇ ಇಡಬೇಕು. ಅದಿಲ್ಲದೆ ಮುಂದಿನ ಮೆಟ್ಟಿಲಿಲ್ಲ. ಸಮಾಧಾನವಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಶುಲ್ಕವಿಲ್ಲ, ಅವರು 39 ದಿನದಲ್ಲಿ ತೀರ್ಮಾನಿಸಬೇಕು. ಮೊಬೈಲ್ ದೂರಿಗೆ ಗ್ರಾಹಕರ ಆಯೋಗಕ್ಕೂ ಹೋಗಬಹುದೆಂದು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕಲಬುರಗಿಯಲ್ಲೂ ಬೀದರದಲ್ಲೂ ಜಿಲ್ಲಾ ಆಯೋಗವಿದೆ, 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ಹತ್ತಿಪ್ಪತ್ತು ರೂಪಾಯಿಗೆ ಯಾರು ಅಲೆದಾರು ಎಂಬುದು ಕಂಪನಿಗಳಿಗೂ ಗೊತ್ತು, ಆ ಮಾತು ಬೇರೆ.

ಇನ್ನು ಹೊಸ ಫೋನು. ‘ನೋ ಕಾಸ್ಟ್ ಕಂತು’ ಎಂಬ ಬೋರ್ಡು ಎಲ್ಲ ಅಂಗಡಿಗೂ ಇದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬರೆದಿಟ್ಟಿದೆ. ಬಡ್ಡಿ ಫೋನಿನ ಬೆಲೆಯಲ್ಲಿ ಅಡಗಿರುತ್ತದೆ, ಇಲ್ಲವೇ ನಗದಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ನುಂಗಿರುತ್ತದೆ. ಮೊದಲ ಪ್ರಶ್ನೆ ಇಷ್ಟೇ ಇರಲಿ: “ನಗದು ಕೊಟ್ರ ಎಷ್ಟ್ ಆಗ್ತದ?”

ಬಡ್ಡಿ ಬಾಯಿಬಿಟ್ಟು ಹೇಳಿದಾಗಲೂ ಲೆಕ್ಕ ಬೇರೆಯೇ. 12,000 ಸಾಲ, ತಿಂಗಳಿಗೆ 1,120ರಂತೆ 12 ಕಂತು ಎಂದುಕೊಳ್ಳೋಣ. ಒಟ್ಟು 13,440, ಬಡ್ಡಿ 1,440. ಅಂಗಡಿಯವನು ‘ನೂರಕ್ಕೆ ಹನ್ನೆರಡು’ ಎನ್ನುತ್ತಾನೆ, ನಮಗೂ ಹಾಗೇ ಕಾಣುತ್ತದೆ. ಆದರೆ ತಿಂಗಳು ತಿಂಗಳು ಅಸಲು ತೀರುತ್ತಿರುವಾಗ ಬಡ್ಡಿ ಮಾತ್ರ ಪೂರ್ತಿ 12,000ದ ಮೇಲೆಯೇ ನಡೆದಿರುತ್ತದೆ. ಕರಗುವ ಅಸಲಿನ ಮೇಲೆ ನೋಡಿದರೆ ದರ ಶೇ 21ನ್ನು ದಾಟುತ್ತದೆ. 500 ರೂಪಾಯಿ ಪ್ರೊಸೆಸಿಂಗ್ ಶುಲ್ಕ, ಅದರ ಮೇಲೆ ಶೇ 18ರ ಜಿಎಸ್‌ಟಿ, ಒಟ್ಟು 590ನ್ನು ಮೊದಲೇ ಹಿಡಿದುಕೊಂಡರೆ ಅದೇ ದರ ಶೇ 31ಕ್ಕೆ ಏರುತ್ತದೆ. ಈ ನಿಜವಾದ ವಾರ್ಷಿಕ ದರವನ್ನು ಕೆಎಫ್‌ಎಸ್ ಎಂಬ ಹಾಳೆಯಲ್ಲಿ ಮೊದಲೇ ತೋರಿಸಬೇಕೆಂಬ ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆ ಹಾಳೆ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂದೂ ಅದೇ ನಿಯಮ ಹೇಳುತ್ತದೆ. ಓಟಿಪಿ ಹೇಳುವ ಮೊದಲು ಅದನ್ನು ಕನ್ನಡದಲ್ಲಿ ಕೇಳಿ ಓದಿಸಿಕೊಳ್ಳಬೇಕು. ಓಟಿಪಿ ಹೇಳಿದರೆ ಸಹಿ ಹಾಕಿದಂತೆ.

ಕಂತಿನ ಫೋನಿಗೆ ಕೆಲವು ಫೈನಾನ್ಸಿನವರು ಲಾಕ್ ಆ್ಯಪ್ ಹಾಕಿರುತ್ತಾರೆ. ಕಂತು ತಪ್ಪಿದರೆ ಪರದೆ ಮುಚ್ಚಿಕೊಳ್ಳುತ್ತದೆ, ಫ್ಯಾಕ್ಟರಿ ರೀಸೆಟ್ ಮಾಡಿದರೂ ಹೋಗುವುದಿಲ್ಲ. ಕಂತು ಮುರಿಯುವುದು ಸಾಮಾನ್ಯವಾಗಿ ತಿಂಗಳ ಮೊದಲ ವಾರದಲ್ಲಿ. ಖಾತೆಯಲ್ಲಿ ಹತ್ತು ರೂಪಾಯಿ ಕಡಿಮೆಯಿದ್ದರೂ ಬೌನ್ಸ್, ಅದಕ್ಕೆ ಬ್ಯಾಂಕಿನವರದೊಂದು ದಂಡ, ಫೈನಾನ್ಸಿನವರದೊಂದು. ಕೊನೆಯ ಕಂತು ಕಟ್ಟಿದ ಮೇಲೆ ಎನ್‌ಒಸಿ ಎಂಬ ‘ಬಾಕಿಯಿಲ್ಲ’ ಪತ್ರ ಇಳಿಸಿಕೊಂಡು, ಲಾಕ್ ಆ್ಯಪ್ ಹೋಯಿತೇ ಎಂದು ಸೆಟ್ಟಿಂಗ್ಸಿನಲ್ಲಿ ನೋಡಬೇಕು. ಇದನ್ನು ಬಿಟ್ಟವರು ಎರಡು ವರ್ಷದ ಮೇಲೆ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ ಹಳೆಯ ಫೋನಿನ ಬಾಕಿ ಕಂಡು ತಲೆ ಚಚ್ಚಿಕೊಳ್ಳುತ್ತಾರೆ.

ಫೋನು ಬದಲಿಸಲೇಬೇಕೇ ಎನ್ನುವುದೂ ನೋಡಬೇಕಾದ ಮಾತು. ಬಹಳ ಸಲ ಮುದಿಯಾಗಿರುವುದು ಬ್ಯಾಟರಿ ಮಾತ್ರ. ಕಲಬುರಗಿಯ ಮೇ ತಿಂಗಳ 43 ಡಿಗ್ರಿಯಲ್ಲಿ ಬೈಕಿನ ಹ್ಯಾಂಡಲ್ಲಿಗೆ ಕಟ್ಟಿ ಚಾರ್ಜ್ ಮಾಡಿದರೆ ಯಾವ ಬ್ಯಾಟರಿ ಬಾಳೀತು? ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಅದನ್ನಷ್ಟೇ ಬದಲಿಸಿದರೆ ಇನ್ನೆರಡು ವರ್ಷ ಎಳೆಯಬಹುದು. ಹೊಸದೇ ಬೇಕೆಂದರೆ ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಬೇಕು. 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷ ಎಂದಿದ್ದಾರೆ, ಅಗ್ಗದ ಫೋನಿಗೆ ಎರಡು-ಮೂರು ವರ್ಷವೂ ಇರಬಹುದು. ಆ ಲೆಕ್ಕ ನಾವು ಕೊಂಡ ದಿನದಿಂದಲ್ಲ, ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ. ಒಂದೂವರೆ ವರ್ಷದ ಹಿಂದಿನ ಮಾಡೆಲ್ಲನ್ನು ‘ಭಾರಿ ಕಡಿಮೆಗೆ ಅದ’ ಎಂದು 24 ಕಂತಿಗೆ ಕೊಂಡರೆ ಕಂತಿಗಿಂತ ಮೊದಲು ಅಪ್‌ಡೇಟ್ ತೀರಬಹುದು. ಹಳ್ಳಿಯಲ್ಲಿರುವವರು 5ಜಿ ಬ್ಯಾಂಡುಗಳ ಪಟ್ಟಿಯಲ್ಲಿ ಎನ್28 ಇದೆಯೇ ನೋಡಬೇಕು. ಅದು 700 ಮೆಗಾಹರ್ಟ್ಸ್, ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ.

ಹಳೆಯದನ್ನು ಬದಲಿಗೆ ಕೊಡುವಾಗ ಬೋರ್ಡಿನ ಮೇಲಿನ ಅಂಕಿಯ ಮುಂದೆ ‘ವರೆಗೆ’ ಎಂಬ ಸಣ್ಣಕ್ಷರ ಇರುತ್ತದೆ. ಬಾಕ್ಸ್ ಇಲ್ಲ ಎಂದು ಒಂದಿಷ್ಟು, ಬಿಲ್ ಇಲ್ಲ ಎಂದು ಒಂದಿಷ್ಟು, ಹಿಂದಿನ ಗಾಜಿನಲ್ಲಿ ಕೂದಲೆಳೆಯ ಗೆರೆ ಎಂದು ಇನ್ನಷ್ಟು ಇಳಿಯುತ್ತ, ಹೊರಗಿನ ಅಂಗಡಿಯಲ್ಲಿ ‘ಫೋಲ್ಡರ್’, ಅಂದರೆ ಪರದೆ, ಬದಲಿಸಿದ್ದರೆ ಅರ್ಧಕ್ಕೇ ಬರುತ್ತದೆ. ಕೊಡುವ ಮೊದಲು ಗೂಗಲ್ ಖಾತೆಯನ್ನು ಸೆಟ್ಟಿಂಗ್ಸಿನಿಂದ ತೆಗೆದು, ಆಮೇಲೆ ರೀಸೆಟ್ ಮಾಡಬೇಕು. ಈ ಕ್ರಮ ತಪ್ಪಿದರೆ ಫೋನು ಹಳೆಯ ಪಾಸ್‌ವರ್ಡ್ ಕೇಳುತ್ತ ಕೂರಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು *#06# ಒತ್ತಿ ಫೋನಿನ ಗುರುತಿನ ಸಂಖ್ಯೆಯಾದ 15 ಅಂಕಿಯ ಐಎಂಇಐ ನೋಡಿಕೊಂಡು, ಇಂಗ್ಲಿಷಿನಲ್ಲಿ ಕೆವೈಎಂ (KYM) ಎಂದು ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಬೇಕು. ಕದ್ದ ಮಾಲೆಂದು ಯಾರಾದರೂ ಬ್ಲಾಕ್ ಮಾಡಿಸಿದ್ದರೆ ಉತ್ತರದಲ್ಲಿ ಗೊತ್ತಾಗುತ್ತದೆ. ಮಾರುವವನು “ಯಾಕ್ರಿ, ನಮ್ ಮ್ಯಾಗ ವಿಶ್ವಾಸ ಇಲ್ಲೇನು?” ಎಂದರೆ ನಕ್ಕು, ಉತ್ತರ ಬರುವ ತನಕ ರೊಕ್ಕ ಜೇಬಿನಲ್ಲೇ ಇಟ್ಟುಕೊಂಡರಾಯಿತು.